ಬೀಗ–ಕೀಲಿಕೈ ಹೇಳದೆ ಬಿಟ್ಟದ್ದು

ಕಿಣ್ವಗಳ ಪಾಠ ಎಂದೊಡನೆ ನಿಮಗೆ ಮೂರು ಚಿತ್ರಗಳು ನೆನಪಾಗುತ್ತವೆ. ಒಂದು, ಬೀಗ ಮತ್ತು ಕೀಲಿಕೈ. ಎರಡು, ಉಷ್ಣತೆಯೊಡನೆ ಏರಿ, ಒಂದು ಹಂತದ ನಂತರ ಕುಸಿಯುವ ವಕ್ರರೇಖೆ. ಮೂರು, ಪಿಎಚ್‌ಗೆ ಸಂಬಂಧಿಸಿದ ಅಂಥದೇ ಇನ್ನೊಂದು ರೇಖೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಮೂರನ್ನೂ ಚೆನ್ನಾಗಿ ಕಲಿತ ವಿದ್ಯಾರ್ಥಿಯನ್ನು ಒಂದು ಪ್ರಶ್ನೆ ಕೇಳಿ ನೋಡಿ. ನಮ್ಮ ದೇಹದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ರಕ್ತದ ಪಿಎಚ್ 7.35ರಿಂದ 7.45. ಉಂಡರೂ ಉಪವಾಸವಿದ್ದರೂ ಇವು ಹೆಚ್ಚು ಬದಲಾಗುವುದಿಲ್ಲ. ಹಾಗಿದ್ದರೆ ಅದೇ ಯಕೃತ್ತು ಊಟದ ನಂತರ ಗ್ಲೂಕೋಸನ್ನು ಕೂಡಿಡುವುದೂ ಉಪವಾಸದಲ್ಲಿ ಅದನ್ನು ರಕ್ತಕ್ಕೆ ಬಿಟ್ಟುಕೊಡುವುದೂ ಹೇಗೆ? ಆ ಮೂರು ಚಿತ್ರಗಳಲ್ಲಿ ಇದಕ್ಕೆ ಉತ್ತರವಿಲ್ಲ.

ಇದು ಬೀಗ–ಕೀಲಿಕೈ ಹೋಲಿಕೆಯನ್ನು ಕೊಟ್ಟ ಎಮಿಲ್ ಫಿಷರ್ ಅವರ ದೋಷವಲ್ಲ. 1894ರಲ್ಲಿ ಅವರ ಮುಂದಿದ್ದ ಪ್ರಶ್ನೆ ಬೇರೆ. ಒಂದು ಕಿಣ್ವ ಒಂದು ಬಗೆಯ ಸಕ್ಕರೆ ಸಂಯುಕ್ತವನ್ನು ಒಡೆಯುತ್ತದೆ, ಹೆಚ್ಚುಕಡಿಮೆ ಅದರಂತೆಯೇ ಇರುವ ಇನ್ನೊಂದನ್ನು ಮುಟ್ಟುವುದಿಲ್ಲ, ಏಕೆ? ‘ಯಾವ ವಸ್ತು’ ಎಂಬುದಕ್ಕೆ ಅವರ ಹೋಲಿಕೆ ಸೊಗಸಾದ ಉತ್ತರ. ‘ಯಾವಾಗ’, ‘ಎಷ್ಟು’ ಎಂಬ ಪ್ರಶ್ನೆಗಳಿಗೆ ಅದನ್ನು ಅವರು ಹೇಳಲಿಲ್ಲ. ಬಂದ ವಸ್ತುವಿಗೆ ತಕ್ಕಂತೆ ಕಿಣ್ವವೂ ತನ್ನ ಆಕಾರವನ್ನು ಹೊಂದಿಸಿಕೊಳ್ಳುತ್ತದೆ ಎಂದು 1958ರಲ್ಲಿ ಡೇನಿಯಲ್ ಕೋಶ್‌ಲ್ಯಾಂಡ್ ಸೂಚಿಸಿದರು. ನಿಯಂತ್ರಣದ ವಿಷಯವೆಲ್ಲ ಈ ಬಾಗುವ ಗುಣದ ಮೇಲೆ ನಿಂತಿದೆ.

ಉಷ್ಣತೆಯ ರೇಖೆಗೂ ಅದರದೇ ಸ್ಥಾನವಿದೆ. ಕಪ್ಪೆಗೆ, ಹಲ್ಲಿಗೆ, ಸಸ್ಯಗಳಿಗೆ ಅದು ದಿನನಿತ್ಯದ ಅನುಭವ. ಜಠರದ ಆಮ್ಲದಲ್ಲಿ ಪೆಪ್ಸಿನ್ ಕೆಲಸ ಮಾಡುವುದನ್ನು ಪಿಎಚ್ ರೇಖೆ ವಿವರಿಸುತ್ತದೆ. ಆದರೆ ಮನುಷ್ಯನ ಜೀವಕೋಶದೊಳಗಿನ ನಿಯಂತ್ರಣವನ್ನು ಅವು ವಿವರಿಸುವುದಿಲ್ಲ. ಪ್ರನಾಳದ ಸತ್ಯವನ್ನು ದೇಹದ ಸತ್ಯವೆಂದು ಒಪ್ಪಿಸುವುದೇ ನಮ್ಮ ಪಾಠದ ಕೊರತೆ.

ದೇಹದ ಮೂರು ಉಪಾಯಗಳು

ಮೊದಲನೆಯದು, ಕಿಣ್ವವನ್ನು ನಿಷ್ಕ್ರಿಯ ರೂಪದಲ್ಲಿ ತಯಾರಿಸಿ, ಬೇಕಾದ ಜಾಗದಲ್ಲಿ ಮಾತ್ರ ಎಚ್ಚರಿಸುವುದು. ಮೇದೋಜೀರಕ ಗ್ರಂಥಿ ಟ್ರಿಪ್ಸಿನ್ ಅನ್ನು ನೇರವಾಗಿ ತಯಾರಿಸುವುದಿಲ್ಲ. ಟ್ರಿಪ್ಸಿನೋಜನ್ ಎಂಬ ಪೂರ್ವಕಿಣ್ವವನ್ನು ತಯಾರಿಸುತ್ತದೆ. ಅದು ಸಣ್ಣ ಕರುಳನ್ನು ತಲಪಿದಾಗ ಅಲ್ಲಿನ ಎಂಟರೋಕೈನೇಸ್ ಅದರ ತುದಿಯಿಂದ ಕೆಲವೇ ಅಮೈನೋ ಆಮ್ಲಗಳ ತುಣುಕನ್ನು ಕತ್ತರಿಸುತ್ತದೆ. ಉಳಿದ ಭಾಗ ಹೊಸ ಆಕಾರ ತಾಳಿ ಟ್ರಿಪ್ಸಿನ್ ಆಗುತ್ತದೆ. ಜೊತೆಗೆ ಬಂದ ಇತರ ಪೂರ್ವಕಿಣ್ವಗಳನ್ನೂ ಎಚ್ಚರಿಸುತ್ತದೆ. ಒಮ್ಮೆ ಕತ್ತರಿಸಿದ್ದನ್ನು ಮತ್ತೆ ಜೋಡಿಸಲಾಗದು. ಆದ್ದರಿಂದ ಗ್ರಂಥಿಯೊಳಗೆ ತಪ್ಪಿ ಎಚ್ಚೆತ್ತ ಟ್ರಿಪ್ಸಿನ್ ಅನ್ನು ಹಿಡಿದು ನಿಲ್ಲಿಸುವ ಒಂದು ಪ್ರೋಟೀನ್ ಅಲ್ಲಿದೆ. ಟ್ರಿಪ್ಸಿನ್ ತನ್ನನ್ನೇ ಕತ್ತರಿಸಿಕೊಳ್ಳಬಲ್ಲ ಒಂದು ತಾಣವೂ ಇದೆ. ಈ ತಾಣವನ್ನು ಅಳಿಸುವ ಜೀನ್ ಬದಲಾವಣೆಯಿಂದ ವಂಶಪಾರಂಪರ್ಯವಾಗಿ ಮೇದೋಜೀರಕದ ಉರಿಯೂತ ಬರುತ್ತದೆಂದು 1996ರಲ್ಲಿ ತಿಳಿದುಬಂತು. ಗಮನಿಸಿ, ಇಲ್ಲಿ ಕಿಣ್ವ ಕೆಟ್ಟಿಲ್ಲ. ಅದನ್ನು ನಿಲ್ಲಿಸುವ ವ್ಯವಸ್ಥೆ ಕೆಟ್ಟಿದೆ.

ಎರಡನೆಯದು, ಕಿಣ್ವಕ್ಕೆ ಒಂದು ಫಾಸ್ಫೇಟ್ ಗುಂಪನ್ನು ಅಂಟಿಸುವುದು ಅಥವಾ ತೆಗೆಯುವುದು. ಸ್ನಾಯುವಿನಲ್ಲಿ ಗ್ಲೈಕೋಜನ್ ಒಡೆಯುವ ಫಾಸ್ಫಾರಿಲೇಸ್ ಹೀಗೆ ಕ್ರಿಯಾಶೀಲವಾಗುವುದನ್ನು ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ 1950ರ ದಶಕದಲ್ಲಿ ತೋರಿಸಿದರು. 1992ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ನಾವು ಹೆದರಿದಾಗ ಸ್ರವಿಸುವ ಅಡ್ರಿನಲಿನ್, ಕೋಶದ ಹೊರಗೆ ನಿಂತೇ, ಹಲವು ಹಂತಗಳ ಮೂಲಕ ಈ ಫಾಸ್ಫೇಟನ್ನು ಅಂಟಿಸುತ್ತದೆ. ಇನ್ಸುಲಿನ್ ಅದಕ್ಕೆ ವಿರುದ್ಧವಾದ ಆಜ್ಞೆ ಕೊಡುತ್ತದೆ. ಕತ್ತರಿಸುವ ಉಪಾಯದಂತಲ್ಲದೆ, ಇದನ್ನು ಬೇಕೆಂದಾಗ ಹಿಂದಕ್ಕೆ ತಿರುಗಿಸಬಹುದು.

ಮೂರನೆಯ ಉಪಾಯ ಬೀಗ–ಕೀಲಿಕೈಯನ್ನು ನೇರವಾಗಿ ಪ್ರಶ್ನಿಸುತ್ತದೆ. ಗ್ಲೂಕೋಸ್ ಒಡೆಯುವ ದಾರಿಯಲ್ಲಿ ಫಾಸ್ಫೊಫ್ರಕ್ಟೊಕೈನೇಸ್ ಎಂಬ ಕಿಣ್ವವಿದೆ. ಅದು ಕೆಲಸ ಮಾಡಲು ಎಟಿಪಿ ಬೇಕು. ಆದರೆ ಕೋಶದಲ್ಲಿ ಎಟಿಪಿ ಸಾಕಷ್ಟು ತುಂಬಿಕೊಂಡರೆ, ಅದೇ ಎಟಿಪಿ ಕಿಣ್ವದ ಇನ್ನೊಂದು ತಾಣದಲ್ಲಿ ಕೂತು ಅದರ ಕೆಲಸವನ್ನು ತಗ್ಗಿಸುತ್ತದೆ. ಎಟಿಪಿ ಖರ್ಚಾಗಿ ಎಎಂಪಿ ಹೆಚ್ಚಿದಾಗ ತಡೆ ಸಡಿಲವಾಗುತ್ತದೆ. ಅಂದರೆ ತೆರೆಯುವ ಕೀಲಿಯೇ, ಸಂಖ್ಯೆ ಹೆಚ್ಚಿದಾಗ, ಬೀಗವನ್ನು ಬಿಗಿಮಾಡುತ್ತದೆ! ಇಂಥ ಬೀಗ ಯಾವ ಅಂಗಡಿಯಲ್ಲೂ ಸಿಗದು. ಸರಣಿಯ ಕೊನೆಯ ಉತ್ಪನ್ನವೇ ಮೊದಲ ಕಿಣ್ವವನ್ನು ತಡೆಯುವ ಕ್ರಮವನ್ನು 1956ರಲ್ಲಿ ಎಡ್ವಿನ್ ಅಂಬಾರ್ಗರ್ ಬ್ಯಾಕ್ಟೀರಿಯಾದಲ್ಲಿ ಕಂಡರು. ತೊಟ್ಟಿ ತುಂಬಿದಾಗ ತೇಲುಚೆಂಡು ಮೇಲೆದ್ದು ನಲ್ಲಿಯನ್ನು ಮುಚ್ಚುವುದು ಇದಕ್ಕೆ ಹೆಚ್ಚು ಹತ್ತಿರದ ಹೋಲಿಕೆ.

ಇದರಿಂದ ಏನು ನಷ್ಟ?

ಇವೆಲ್ಲ ಮೇಲಿನ ತರಗತಿಗಳಲ್ಲಿ ಕಲಿಯಬಹುದಾದದ್ದು, ಶಾಲೆಯಲ್ಲಿ ಏಕೆ ಎನ್ನಬಹುದು. ಮಧುಮೇಹವನ್ನೇ ನೋಡಿ. ನಿಮ್ಮ ತರಗತಿಯ ಎಷ್ಟೋ ಮಕ್ಕಳ ಮನೆಯಲ್ಲಿ ಈ ಕಾಯಿಲೆ ಇರುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೂ ರೋಗಿಯ ಯಕೃತ್ತು ಇನ್ನಷ್ಟು ಸಕ್ಕರೆಯನ್ನು ಬಿಡುತ್ತಿರುತ್ತದೆ. ಅಲ್ಲಿ ಕಿಣ್ವಗಳು ಸರಿಯಾಗಿಯೇ ಇವೆ. ‘ಸಾಕು, ನಿಲ್ಲಿಸು’ ಎಂಬ ಇನ್ಸುಲಿನ್ನಿನ ಆಜ್ಞೆ ಬರುತ್ತಿಲ್ಲ, ಅಥವಾ ಬಂದರೂ ಯಕೃತ್ತು ಅದಕ್ಕೆ ಕಿವಿಗೊಡುತ್ತಿಲ್ಲ. ಉಷ್ಣತೆಯ ರೇಖೆಯನ್ನು ಮಾತ್ರ ಬಲ್ಲ ವಿದ್ಯಾರ್ಥಿಗೆ ತನ್ನ ಅಜ್ಜಿಯ ಕಾಯಿಲೆ ಅರ್ಥವಾಗುವುದಿಲ್ಲ.

ಪಠ್ಯಕ್ರಮ ಈ ಕೊರತೆಯನ್ನು ಹೆಚ್ಚಿಸಿದೆ. ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯಭಾರ ಇಳಿಸುವಾಗ 11ನೇ ತರಗತಿಯ ಜೀವವಿಜ್ಞಾನದಿಂದ ಜೀರ್ಣಕ್ರಿಯೆಯ ಅಧ್ಯಾಯವನ್ನೇ ಕೈಬಿಟ್ಟಿತು. ಟ್ರಿಪ್ಸಿನೋಜನ್ ಎಚ್ಚರಗೊಳ್ಳುವ ವಿಷಯ ಇದ್ದದ್ದು ಅಲ್ಲಿಯೇ. ಅಧ್ಯಾಯ ಹೋಗಲಿ, ಆ ಒಂದು ಪ್ಯಾರಾವನ್ನು ಕಿಣ್ವಗಳ ಪಾಠಕ್ಕೆ ಸೇರಿಸಿದ್ದರೆ ಭಾರವೇನೂ ಆಗುತ್ತಿರಲಿಲ್ಲ.

ಪುಸ್ತಕ ಬದಲಾಗುವವರೆಗೆ ಶಿಕ್ಷಕರು ಕಾಯಬೇಕಾಗಿಲ್ಲ. ಗಂಜಿ, ಲಾಲಾರಸ, ಅಯೊಡಿನ್ ಪ್ರಯೋಗವನ್ನು ಎಂದಿನಂತೆ ಮಾಡಿಸಿ. ಬೀಗ–ಕೀಲಿಕೈಯನ್ನೂ ಹೇಳಿ, ಜೊತೆಗೆ ಅದು ಯಾವ ಪ್ರಶ್ನೆಗೆ ಉತ್ತರ, ಯಾವುದಕ್ಕೆ ಅಲ್ಲ ಎಂಬುದನ್ನೂ ಹೇಳಿ. ಬಳಿಕ ಎರಡು ಪ್ರಶ್ನೆಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಮಾಂಸವನ್ನು ಕರಗಿಸುವ ರಸ ತಯಾರಿಸುವ ಗ್ರಂಥಿ ತಾನೇ ಏಕೆ ಕರಗುವುದಿಲ್ಲ? ಉಪವಾಸದ ದಿನ ರಕ್ತಕ್ಕೆ ಸಕ್ಕರೆ ಎಲ್ಲಿಂದ ಬರುತ್ತದೆ, ಊಟವಾದ ಮೇಲೆ ಅದನ್ನು ನಿಲ್ಲಿಸುವವರು ಯಾರು? ಮಕ್ಕಳು ಇವುಗಳ ಬಗ್ಗೆ ಒಂದು ದಿನ ತಲೆಕೆಡಿಸಿಕೊಂಡು ಬಂದರೆ, ಮರುದಿನದ ನಿಮ್ಮ ಪಾಠ ಅರ್ಧ ಮುಗಿದಂತೆಯೇ.