ಮೊದಲ ಗೇಮಿಂಗ್ ಕಂಪ್ಯೂಟರ್: ಉಳಿಯುವ ಭಾಗ, ಬದಲಾಗುವ ಭಾಗ

ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ ಯಂತ್ರಗಳಲ್ಲಿ ಮೇಜಿನ ಕಂಪ್ಯೂಟರಿನಷ್ಟು ಮುಕ್ತವಾದದ್ದು ಮತ್ತೊಂದಿಲ್ಲ. 1981ರಲ್ಲಿ ಐಬಿಎಂ ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಬೇರೆ ತಯಾರಕರ ಭಾಗಗಳಿಂದಲೇ ಕಟ್ಟಿ ಅದರ ಒಳರಚನೆಯ ವಿವರಗಳನ್ನು ಪ್ರಕಟಿಸಿದ್ದರಿಂದಲೂ, 1995ರಲ್ಲಿ ಇಂಟೆಲ್ ಸಂಸ್ಥೆ ಎಟಿಎಕ್ಸ್ ಎಂಬ ಮಾನದಂಡದ ಮೂಲಕ ಮದರ್‌ಬೋರ್ಡಿನ ಅಳತೆ, ತಿರುಪಿನ ರಂಧ್ರಗಳ ಜಾಗ ಮತ್ತು ವಿದ್ಯುತ್ ಜೋಡಣೆಯ ಸ್ವರೂಪವನ್ನು ನಿಗದಿಪಡಿಸಿದ್ದರಿಂದಲೂ, ಇಂದು ಒಬ್ಬ ತಯಾರಕನ ಬೋರ್ಡು ಇನ್ನೊಬ್ಬನ ಪೆಟ್ಟಿಗೆಯಲ್ಲಿ ಕುಳಿತು ಮೂರನೆಯವನ ಪವರ್ ಸಪ್ಲೈಯಿಂದ ವಿದ್ಯುತ್ ಪಡೆಯುತ್ತದೆ. ಮಿತವಾದ ಹಣದಲ್ಲಿ ಗೇಮಿಂಗ್ ಕಂಪ್ಯೂಟರ್ ಕಟ್ಟಲು ಹೊರಟವರಿಗೆ ಈ ಇತಿಹಾಸದಿಂದ ಸಿಗುವ ಲಾಭ ಬಹಳ ದೊಡ್ಡದು. ಭಾಗಗಳನ್ನು ಬೇರೆ ಬೇರೆ ಕಾಲದಲ್ಲಿ ಬದಲಾಯಿಸಲು ಸಾಧ್ಯವಿರುವುದರಿಂದ ಇಡೀ ಯಂತ್ರವನ್ನು ಒಂದೇ ದಿನ ಪರಿಪೂರ್ಣಗೊಳಿಸಬೇಕಾಗಿಲ್ಲ. ಹತ್ತು ವರ್ಷ ಉಳಿಯಬಲ್ಲ ಭಾಗಗಳು ಯಾವುವು, ಮೂರು ನಾಲ್ಕು ವರ್ಷಗಳಲ್ಲಿ ಬದಲಾಗುವ ಭಾಗಗಳು ಯಾವುವು ಎಂಬುದನ್ನು ಗುರುತಿಸಿ ಅದಕ್ಕೆ ತಕ್ಕಂತೆ ಖರ್ಚು ಹಂಚುವುದೇ ಈ ಕೆಲಸದಲ್ಲಿ ನಿಜವಾದ ಮಿತವ್ಯಯ.

ಆಯ್ಕೆಯನ್ನು ಪ್ರೊಸೆಸರಿನಿಂದ ಆರಂಭಿಸುವ ರೂಢಿ ವ್ಯಾಪಕವಾಗಿದ್ದರೂ ಪರದೆಯಿಂದ ಆರಂಭಿಸುವುದು ಹೆಚ್ಚು ಸರಿಯಾದ ಕ್ರಮ. ಮಾನಿಟರಿನ ಮೇಲೆ ಚಿತ್ರ ಮೂಡಿಸುವ ಸಣ್ಣ ಬಿಂದುಗಳನ್ನು ಪಿಕ್ಸೆಲ್ ಎನ್ನುತ್ತಾರೆ. ಫುಲ್ ಎಚ್‌ಡಿ ಎಂದು ಕರೆಯುವ 1920 ಅಡ್ಡ, 1080 ಉದ್ದದ ಪರದೆಯಲ್ಲಿ ಇಂಥ ಬಿಂದುಗಳು ಸುಮಾರು 20.7 ಲಕ್ಷ ಇದ್ದರೆ, ಫೋರ್‌ಕೆ ಪರದೆಯಲ್ಲಿ ಅದರ ನಾಲ್ಕು ಪಟ್ಟು ಇರುತ್ತವೆ. ಸೆಕೆಂಡಿಗೆ 60 ಚಿತ್ರಗಳು ಬೇಕೆಂದರೆ ಪ್ರತಿ ಚಿತ್ರವನ್ನು ಬರೆಯಲು ಯಂತ್ರಕ್ಕೆ ಸಿಗುವ ಅವಧಿ 16.7 ಮಿಲಿಸೆಕೆಂಡ್; 144 ಚಿತ್ರಗಳು ಬೇಕೆಂದರೆ ಆ ಅವಧಿ 7 ಮಿಲಿಸೆಕೆಂಡಿಗಿಂತಲೂ ಕಡಿಮೆ. ಪಿಕ್ಸೆಲ್‌ಗಳ ಸಂಖ್ಯೆ ಮತ್ತು ಸೆಕೆಂಡಿನ ಚಿತ್ರಗಳ ಸಂಖ್ಯೆ ಸೇರಿ ಯಂತ್ರದ ಮೇಲಿನ ಹೊರೆಯನ್ನು ನಿರ್ಧರಿಸುವುದರಿಂದ, ಈ ಎರಡನ್ನು ತೀರ್ಮಾನಿಸದೆ ಮಾಡುವ ಖರೀದಿಯಲ್ಲಿ ಒಂದೋ ಹಣ ವ್ಯರ್ಥವಾಗುತ್ತದೆ, ಇಲ್ಲವೇ ನಿರಾಸೆ ಉಳಿಯುತ್ತದೆ. ವ್ಯಾಲರೆಂಟ್‌ನಂಥ ಸ್ಪರ್ಧಾತ್ಮಕ ಆಟಗಳು ಸಾಧಾರಣ ಯಂತ್ರದಲ್ಲೂ ವೇಗವಾಗಿ ಓಡುವಂತೆ ರಚನೆಯಾಗಿದ್ದರೆ, 2020ರ ಸೈಬರ್‌ಪಂಕ್ 2077ರಂಥ ಆಟಗಳು ಬೆಳಕು, ನೆರಳು, ಪ್ರತಿಫಲನಗಳ ಲೆಕ್ಕಾಚಾರದಲ್ಲಿ ಗ್ರಾಫಿಕ್ಸ್ ಕಾರ್ಡಿನ ಶಕ್ತಿಯನ್ನೆಲ್ಲ ಹೀರುತ್ತವೆ. ಮೊದಲ ಯಂತ್ರಕ್ಕೆ ಫುಲ್ ಎಚ್‌ಡಿ ಪರದೆಯೇ ಸಾಕು ಎಂಬುದು ಈ ಅಂಕಣದ ಸ್ಪಷ್ಟ ನಿಲುವು. ಜಗತ್ತಿನ ಪಿಸಿ ಆಟಗಾರರಲ್ಲಿ ಹೆಚ್ಚಿನವರು ಇಂದಿಗೂ ಆಡುವುದು ಅದೇ ಪರದೆಯ ಮೇಲೆ.

ಪರದೆ ನಿರ್ಧಾರವಾದ ಮೇಲೆ ಗ್ರಾಫಿಕ್ಸ್ ಕಾರ್ಡಿನ ಪ್ರಶ್ನೆ ಬರುತ್ತದೆ. ಸಾವಿರಾರು ಸಣ್ಣ ಲೆಕ್ಕಗಳನ್ನು ಏಕಕಾಲದಲ್ಲಿ ಮಾಡಿ ಪ್ರತಿ ಪಿಕ್ಸೆಲ್‌ನ ಬಣ್ಣವನ್ನು ತೀರ್ಮಾನಿಸುವ ಈ ಭಾಗಕ್ಕೆ, ಮಾನಿಟರನ್ನು ಬಿಟ್ಟು ಉಳಿದ ಮೊತ್ತದ ಶೇ. 35ರಿಂದ 40ರಷ್ಟನ್ನು ಮೀಸಲಿಡುವುದು ಅನುಭವಿಗಳ ವಾಡಿಕೆ. ಕಾರ್ಡಿನ ವೇಗದಷ್ಟೇ ಮುಖ್ಯವಾದದ್ದು ಅದರ ಮೇಲೆಯೇ ಇರುವ ಪ್ರತ್ಯೇಕ ಮೆಮೊರಿ, ಅಂದರೆ ವಿರ್ಯಾಮ್. ಆಟದ ಗೋಡೆ, ನೆಲ, ಮುಖಗಳ ಮೇಲ್ಮೈ ಚಿತ್ರಗಳು ಇದರಲ್ಲಿ ಶೇಖರವಾಗಿರಬೇಕು. ಅಲ್ಲಿ ಜಾಗ ಸಾಲದಿದ್ದರೆ ಅವು ನಿಧಾನವಾದ ಮುಖ್ಯ ಮೆಮೊರಿಯಿಂದ ಹರಿದುಬರಬೇಕಾಗುವುದರಿಂದ ಆಟ ನಡುನಡುವೆ ತಡವರಿಸುತ್ತದೆ. 2022ರ ಜನವರಿಯಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ 4 ಜಿಬಿ ಮೆಮೊರಿ ಮಾತ್ರ ಇತ್ತು, ಮದರ್‌ಬೋರ್ಡಿನೊಂದಿಗೆ ಮಾತನಾಡಲು ನಾಲ್ಕೇ ಪಥಗಳಿದ್ದವು. ಪಿಸಿಐಇ ಎಂಬ ಈ ಪಥಗಳ ಹಳೆಯ 3.0 ಆವೃತ್ತಿಯ ಬೋರ್ಡಿನಲ್ಲಿ ಅವುಗಳ ವೇಗವೂ ಅರ್ಧಕ್ಕಿಳಿಯುತ್ತಿದ್ದುದರಿಂದ, ಹಳೆಯ ಬೋರ್ಡು ಇಟ್ಟುಕೊಂಡ ಮಿತವ್ಯಯಿಗಳಿಗೇ ಅದು ಹೆಚ್ಚು ತೊಂದರೆ ಕೊಟ್ಟಿತು. ಅದಕ್ಕೂ ಮೂರು ತಿಂಗಳು ಮೊದಲು, 2021ರ ಅಕ್ಟೋಬರಿನಲ್ಲಿ ಅದೇ ಸಂಸ್ಥೆ ತಂದ ಆರ್‌ಎಕ್ಸ್ 6600, 8 ಜಿಬಿ ಮೆಮೊರಿ ಮತ್ತು 132 ವ್ಯಾಟ್‌ನ ಸಂಯಮದ ವಿದ್ಯುತ್ ಬಳಕೆಯಿಂದ ವರ್ಷಗಟ್ಟಲೆ ಮಿತವ್ಯಯಿಗಳ ಮೆಚ್ಚಿನ ಕಾರ್ಡಾಗಿ ಉಳಿಯಿತು. ಎನ್ವಿಡಿಯಾದ ಆರ್‌ಟಿಎಕ್ಸ್ 3060, ಅದರ ನಂತರದ 4060, 2024ರ ಡಿಸೆಂಬರಿನಲ್ಲಿ 12 ಜಿಬಿ ಮೆಮೊರಿಯೊಂದಿಗೆ ಬಂದ ಇಂಟೆಲ್‌ನ ಆರ್ಕ್ ಬಿ580 ಇವೂ ಫುಲ್ ಎಚ್‌ಡಿಗೆ ಯೋಗ್ಯವಾದವು. ಹೊಸದಾಗಿ ಕೊಳ್ಳುವವರು 8 ಜಿಬಿಗಿಂತ ಕೆಳಗಿಳಿಯಬಾರದು.

ಹಣ ಅಷ್ಟಕ್ಕೂ ಸಾಲದಿದ್ದಾಗ ಇನ್ನೊಂದು ಗೌರವಯುತ ದಾರಿಯಿದೆ. ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಘಟಕ ಅಡಕವಾಗಿರುವ ಎಎಂಡಿಯ ರೈಜೆನ್ 5 5600ಜಿ ಅಥವಾ ಅದಕ್ಕಿಂತ ಬಲವಾದ 8600ಜಿ ಕೊಂಡು, ಕಾರ್ಡಿಲ್ಲದೆ ಯಂತ್ರವನ್ನು ಪೂರ್ಣಗೊಳಿಸಿ, ಹಗುರವಾದ ಆಟಗಳನ್ನು ಕಡಿಮೆ ಗುಣಮಟ್ಟದಲ್ಲಿ ಆಡುತ್ತ, ಹಣ ಕೂಡಿದಾಗ ಕಾರ್ಡನ್ನು ಸೇರಿಸಬಹುದು. ಇಲ್ಲಿ ಒಂದು ಸೂಕ್ಷ್ಮವುಂಟು: 5600ಜಿಯಲ್ಲಿ ಮೂರನೆಯ ಹಂತದ ಕ್ಯಾಶ್, ಅಂದರೆ ಪ್ರೊಸೆಸರಿನೊಳಗೇ ಇರುವ ಶೀಘ್ರ ಮೆಮೊರಿ, 16 ಎಂಬಿ ಇದ್ದರೆ, ಗ್ರಾಫಿಕ್ಸ್ ಇಲ್ಲದ 5600ರಲ್ಲಿ ಅದು 32 ಎಂಬಿ. ಆದ್ದರಿಂದ ಕಾರ್ಡನ್ನು ಈಗಲೇ ಕೊಳ್ಳುವ ಶಕ್ತಿಯಿದ್ದವರಿಗೆ 5600 ಮೇಲು. ಇಂಟೆಲ್ ಪ್ರೊಸೆಸರುಗಳ ಹೆಸರಿನ ಕೊನೆಯಲ್ಲಿ ಎಫ್ ಎಂಬ ಅಕ್ಷರವಿದ್ದರೆ, ಉದಾಹರಣೆಗೆ ಕೋರ್ ಐ3 12100ಎಫ್, ಅದರಲ್ಲಿ ಗ್ರಾಫಿಕ್ಸ್ ಘಟಕ ಕೆಲಸ ಮಾಡುವುದಿಲ್ಲ. ಪ್ರತ್ಯೇಕ ಕಾರ್ಡಿಲ್ಲದೆ ಅಂಥ ಯಂತ್ರ ಪರದೆಗೆ ಏನನ್ನೂ ಕಳಿಸಲಾರದು. ಪ್ರೊಸೆಸರು ಕೂರುವ ಸಾಕೆಟ್ಟಿನ ವಿಷಯದಲ್ಲಿಯೂ ದೂರದೃಷ್ಟಿ ಬೇಕು. ಎಎಂಡಿಯ ಎಎಂ4 ಸಾಕೆಟ್ 2017ರ ಮೊದಲ ರೈಜೆನ್‌ಗಳಿಂದ 5000 ಸರಣಿಯವರೆಗೆ ಹಲವು ಪೀಳಿಗೆಗಳಿಗೆ ಆಶ್ರಯ ಕೊಟ್ಟು ಅಗ್ಗದ ಯಂತ್ರಗಳ ನೆಲೆಯಾಯಿತು. 2022ರಲ್ಲಿ ಬಂದ ಎಎಂ5 ಡಿಡಿಆರ್5 ಮೆಮೊರಿಯನ್ನಷ್ಟೇ ಸ್ವೀಕರಿಸುವುದರಿಂದ ಆರಂಭದ ಖರ್ಚು ಹೆಚ್ಚು, ಆದರೆ ಮುಂದಿನ ಪ್ರೊಸೆಸರುಗಳಿಗೆ ಅದರಲ್ಲಿ ಸ್ಥಳವಿದೆ.

ಮೆಮೊರಿಯ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ, ಆದರೆ ನಿರ್ಣಾಯಕವಾದದ್ದು. 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಮೇಲು, ಏಕೆಂದರೆ ಎರಡಿದ್ದಾಗ ಪ್ರೊಸೆಸರು ಎರಡು ಚಾನೆಲ್‌ಗಳಿಂದ ಒಟ್ಟಿಗೆ ದತ್ತಾಂಶ ಪಡೆಯುತ್ತದೆ. ಒಳಗ್ರಾಫಿಕ್ಸ್ ಇರುವ ಯಂತ್ರದಲ್ಲಂತೂ ಈ ವ್ಯತ್ಯಾಸ ಕಣ್ಣಿಗೆ ಎದ್ದುಕಾಣುತ್ತದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಇಂಥ ಏರಿಳಿತಗಳಿರುವುದರಿಂದಲೇ ಹಳೆಯ ಬೆಲೆಪಟ್ಟಿಗಳನ್ನು ನಂಬಿ ಅಂದಾಜು ಮಾಡದೆ, ಕೊಳ್ಳುವ ವಾರದ ಬೆಲೆಯನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಶೇಖರಣೆಗೆ ಎನ್‌ವಿಎಂಇ ಮಾದರಿಯ ಎಸ್‌ಎಸ್‌ಡಿ ಸಾಕು.

ಹೊಸಬರು ಅತಿ ಹೆಚ್ಚು ಉಳಿತಾಯ ಮಾಡಲು ಹೋಗುವುದೂ, ಅತಿ ಹೆಚ್ಚು ನಷ್ಟಕ್ಕೊಳಗಾಗುವುದೂ ಪವರ್ ಸಪ್ಲೈಯಲ್ಲಿ. ಗೋಡೆಯಿಂದ ಬರುವ 230 ವೋಲ್ಟ್‌ನ ಪರ್ಯಾಯ ವಿದ್ಯುತ್ತನ್ನು ಯಂತ್ರಕ್ಕೆ ಬೇಕಾದ 12, 5 ಮತ್ತು 3.3 ವೋಲ್ಟ್‌ಗಳ ನೇರ ವಿದ್ಯುತ್ತಾಗಿ ಪರಿವರ್ತಿಸುವ ಈ ಪೆಟ್ಟಿಗೆಯಿಂದ ಆಟದ ವೇಗ ಒಂದು ಚಿತ್ರದಷ್ಟೂ ಹೆಚ್ಚುವುದಿಲ್ಲವಾದ್ದರಿಂದ ಅದರ ಮೇಲಿನ ಖರ್ಚು ನಿಷ್ಫಲವೆಂದು ತೋರುತ್ತದೆ. ಆದರೆ ಅದು ಕೆಟ್ಟಾಗ ತಾನೊಂದೇ ಕೆಡದೆ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕೊಂಡೊಯ್ಯುವ ಸಾಧ್ಯತೆಯಿರುತ್ತದೆ. ಅಗ್ಗದ ಕ್ಯಾಬಿನೆಟ್ಟಿನೊಂದಿಗೆ ಉಚಿತವಾಗಿ ಬರುವ, ದೊಡ್ಡ ಅಕ್ಷರಗಳಲ್ಲಿ 450 ಎಂದು ಬರೆದಿರುವ ಸಪ್ಲೈ ನಿಜಕ್ಕೂ ಎಷ್ಟು ಕೊಡುತ್ತದೆಂದು ತಿಳಿಯಲು ಅದರ ಪಕ್ಕದಲ್ಲಿ ಅಂಟಿಸಿರುವ ಕೋಷ್ಟಕವನ್ನು ನೋಡಬೇಕು. ಪ್ರೊಸೆಸರು ಮತ್ತು ಕಾರ್ಡು ಎರಡೂ ವಿದ್ಯುತ್ತನ್ನು ಎಳೆಯುವುದು 12 ವೋಲ್ಟ್‌ನ ಸಾಲಿನಿಂದಾದ್ದರಿಂದ, ಆ ಸಾಲಿನ ಆಂಪಿಯರನ್ನು 12ರಿಂದ ಗುಣಿಸಿದಾಗ ಬರುವ ವ್ಯಾಟ್ ಸಂಖ್ಯೆಯೇ ಅದರ ಸತ್ಯವಾದ ಸಾಮರ್ಥ್ಯ: 45 ಆಂಪಿಯರ್ ಇದ್ದರೆ 540 ವ್ಯಾಟ್, 18 ಮಾತ್ರ ಇದ್ದರೆ 216. ರೈಜೆನ್ 5 5600 ಮತ್ತು ಆರ್‌ಎಕ್ಸ್ 6600 ಇರುವ ಯಂತ್ರ ಪೂರ್ಣ ಹೊರೆಯಲ್ಲೂ 300 ವ್ಯಾಟ್‌ನ ಒಳಗೇ ನಿಲ್ಲುತ್ತದಾದರೂ, ಮುಂದೆ ಬರಲಿರುವ ಇನ್ನೂ ಬಲವಾದ ಕಾರ್ಡನ್ನು ಗಮನದಲ್ಲಿಟ್ಟು 550 ವ್ಯಾಟ್‌ನ ಸಪ್ಲೈ ಕೊಳ್ಳುವುದು ವಿವೇಕ. 80 ಪ್ಲಸ್ ಬ್ರಾಂಜ್ ಎಂಬ ಮುದ್ರೆ ಅದರ ದಕ್ಷತೆಯನ್ನು, ಅಂದರೆ ಅರ್ಧ ಹೊರೆಯಲ್ಲಿ ಶೇ. 85ರಷ್ಟು ವಿದ್ಯುತ್ ಶಾಖವಾಗಿ ಸೋರದೆ ಬಳಕೆಗೆ ಬರುತ್ತದೆಂಬುದನ್ನು, ಹೇಳುತ್ತದೆಯೇ ಹೊರತು ಒಳಗಿನ ರಕ್ಷಣಾ ವ್ಯವಸ್ಥೆಯ ಗುಣವನ್ನಲ್ಲ. ಹಾಗಾಗಿ ಮುದ್ರೆಯ ಜೊತೆಗೆ ಅಧಿಕ ವೋಲ್ಟೇಜ್, ಅಧಿಕ ಕರೆಂಟ್ ಮತ್ತು ಶಾರ್ಟ್ ಸರ್ಕ್ಯೂಟಿನಿಂದ ರಕ್ಷಣೆ ಉಂಟೇ ಎಂಬುದನ್ನೂ, ಕನಿಷ್ಠ ಐದು ವರ್ಷದ ವಾರಂಟಿಯನ್ನೂ ನೋಡಿ ಆರಿಸಬೇಕು.

ಕರ್ನಾಟಕದ ಮನೆಗಳಲ್ಲಿ ಈ ಎಚ್ಚರಿಕೆಗೆ ಇನ್ನಷ್ಟು ಕಾರಣಗಳಿವೆ. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿನ ದಿನಗಳಲ್ಲಿ ವೋಲ್ಟೇಜಿನ ಏರಿಳಿತ ಸಾಮಾನ್ಯ. ಹಳೆಯ ಮನೆಗಳ ಮೂರು ರಂಧ್ರದ ಸಾಕೆಟ್ಟುಗಳಲ್ಲಿ ಅರ್ಥಿಂಗ್ ತಂತಿ ನಿಜವಾಗಿ ನೆಲ ಸೇರಿರುತ್ತದೆಂಬ ಭರವಸೆಯಿಲ್ಲ. ಕಂಪ್ಯೂಟರ್ ತರುವ ಮೊದಲೇ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಪರೀಕ್ಷೆ ಮಾಡಿಸುವುದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಯುಪಿಎಸ್ ಕೊಳ್ಳುವವರು 600 ವಿಎ ಎಂದು ಬರೆದದ್ದು ಸಾಮಾನ್ಯವಾಗಿ 360 ವ್ಯಾಟ್‌ನಷ್ಟನ್ನೇ ಹೊರುತ್ತದೆಂಬುದನ್ನು ತಿಳಿದಿರಬೇಕು. ಶಾಖದ ವಿಷಯದಲ್ಲಿಯೂ ಊರಿನಿಂದ ಊರಿಗೆ ವ್ಯತ್ಯಾಸವಿದೆ. ಫ್ಯಾನಿನಿಂದ ತಂಪಾಗುವ ಯಾವ ಭಾಗವೂ ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಕಲಬುರಗಿ, ರಾಯಚೂರುಗಳಲ್ಲಿ ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ದಾಟಿದಾಗ, ಬೆಂಗಳೂರಿನ ಕೋಣೆಯಲ್ಲಿ 70 ಡಿಗ್ರಿಯಲ್ಲಿ ಕೆಲಸ ಮಾಡುವ ಕಾರ್ಡು ಅಲ್ಲಿ 80 ದಾಟುವುದು ಸಹಜ. ಮುಂಭಾಗ ಪೂರ್ತಿ ಗಾಜಿನಿಂದ ಮುಚ್ಚಿ ಬಣ್ಣದ ದೀಪಗಳಿಂದ ಹೊಳೆಯುವ ಕ್ಯಾಬಿನೆಟ್ಟಿಗಿಂತ, ಮುಂಭಾಗ ಜಾಲರಿಯಾಗಿದ್ದು ತೆಗೆದು ತೊಳೆಯಬಹುದಾದ ಧೂಳುಸೋಸು ಇರುವ ಸರಳ ಕ್ಯಾಬಿನೆಟ್ಟು ನಮ್ಮ ಹವೆಗೆ ನೂರು ಪಾಲು ಯೋಗ್ಯ.

ಬೆಂಗಳೂರಿನ ಎಸ್.ಪಿ. ರೋಡ್, ಚೆನ್ನೈನ ರಿಚೀ ಸ್ಟ್ರೀಟ್, ಮುಂಬೈನ ಲ್ಯಾಮಿಂಗ್ಟನ್ ರೋಡ್, ದೆಹಲಿಯ ನೆಹರು ಪ್ಲೇಸ್ ಇವು ಬಿಡಿಭಾಗಗಳ ಪ್ರಸಿದ್ಧ ಪೇಟೆಗಳು. ಆನ್‌ಲೈನ್ ಬೆಲೆಯನ್ನು ಮೊದಲೇ ಬರೆದುಕೊಂಡು ಹೋಗಿ, ನಾಲ್ಕಾರು ಅಂಗಡಿಗಳಲ್ಲಿ ಕೇಳಿ, ಎಲ್ಲ ಭಾಗಗಳನ್ನು ಒಂದೆಡೆ ಕೊಂಡರೆ ಚೌಕಾಸಿಗೆ ಅವಕಾಶ ಹೆಚ್ಚು. ಬಿಲ್ಲು ಬೇಡವೆಂದರೆ ಶೇ. 18ರ ಜಿಎಸ್‌ಟಿ ಉಳಿಯುತ್ತದೆಂಬ ಮಾತಿಗೆ ಮಾತ್ರ ಒಪ್ಪಬಾರದು, ಏಕೆಂದರೆ ಬಿಲ್ಲಿಲ್ಲದ ಭಾಗಕ್ಕೆ ವಾರಂಟಿ ಕೇಳುವ ಆಧಾರವೇ ಇರುವುದಿಲ್ಲ. ಬಳಸಿದ ಕಾರ್ಡುಗಳ ಪೇಟೆಯೂ ದೊಡ್ಡದಿದೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಮ್ ಎಂಬ ಡಿಜಿಟಲ್ ನಾಣ್ಯದ ವ್ಯವಸ್ಥೆ ಗ್ರಾಫಿಕ್ಸ್ ಕಾರ್ಡುಗಳಿಂದ ನಡೆಯುತ್ತಿದ್ದ ಗಣಿಗಾರಿಕೆಯನ್ನು ಕೈಬಿಟ್ಟಾಗ ಹಗಲಿರುಳು ದುಡಿದಿದ್ದ ಕಾರ್ಡುಗಳು ರಾಶಿರಾಶಿಯಾಗಿ ಮಾರಾಟಕ್ಕೆ ಬಂದವು. ಅಂಥ ಕಾರ್ಡು ಕೆಟ್ಟದ್ದೇ ಎಂದು ಹೇಳಲಾಗದು. ಆದರೆ ಅರ್ಧ ಗಂಟೆ ಭಾರವಾದ ಆಟವನ್ನು ಓಡಿಸಿ ತೋರಿಸದೆ ಮಾರುವವರಿಂದ ಕೊಳ್ಳಬಾರದು. ಬಳಸಿದ ಪವರ್ ಸಪ್ಲೈಯನ್ನಂತೂ ಎಂದಿಗೂ ಕೊಳ್ಳಬಾರದು.

ಜೋಡಣೆಯ ಕೆಲಸಕ್ಕೆ ಒಂದು ಸ್ಕ್ರೂಡ್ರೈವರ್, ಒಳ್ಳೆಯ ಬೆಳಕು ಮತ್ತು ಅವಸರವಿಲ್ಲದ ಒಂದು ಮಧ್ಯಾಹ್ನ ಬೇಕು. ಆಗಾಗ ಲೋಹದ ವಸ್ತುವನ್ನು ಮುಟ್ಟಿ ಮೈಮೇಲಿನ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳುತ್ತಿರಬೇಕು. ಎಎಂ4 ಪ್ರೊಸೆಸರಿನ ಒಂದು ಮೂಲೆಯಲ್ಲಿರುವ ಚಿನ್ನದ ಬಣ್ಣದ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿದರೆ ಅದು ತನ್ನ ತೂಕದಿಂದಲೇ ಕೂರುತ್ತದೆ. ಒತ್ತಿದರೆ ಅಡಿಯಲ್ಲಿರುವ 1331 ಸೂಕ್ಷ್ಮ ಪಿನ್‌ಗಳಲ್ಲಿ ಕೆಲವು ಬಾಗಬಹುದು. ನಾಲ್ಕು ಮೆಮೊರಿ ಸ್ಲಾಟುಗಳಿರುವ ಬೋರ್ಡಿನಲ್ಲಿ ಎರಡು ಪಟ್ಟಿಗಳನ್ನು ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯದರಲ್ಲಿ ಹಾಕುವುದು ಸಾಮಾನ್ಯ ನಿಯಮ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿದ್ದರೆ ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿಗಲ್ಲ, ಆ ಕಾರ್ಡಿಗೆ ಸಿಕ್ಕಿಸಬೇಕು. ಯಂತ್ರ ಎಚ್ಚೆತ್ತ ಮೇಲೆ ಮಾಡಬೇಕಾದ ಎರಡು ಕೆಲಸಗಳನ್ನು ಬಹಳ ಜನ ಮರೆಯುತ್ತಾರೆ. ಬಯಾಸ್ ಎಂಬ ಮೂಲ ತಂತ್ರಾಂಶದಲ್ಲಿ ಎಕ್ಸ್‌ಎಂಪಿ ಆಯ್ಕೆಯನ್ನು ತೆರೆಯದಿದ್ದರೆ 3200ರ ವೇಗಕ್ಕೆ ಹಣ ಕೊಟ್ಟ ಡಿಡಿಆರ್4 ಮೆಮೊರಿ ಸಾಮಾನ್ಯವಾಗಿ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ವಿಂಡೋಸಿನ ಡಿಸ್‌ಪ್ಲೇ ವಿಭಾಗದಲ್ಲಿ ಬದಲಾಯಿಸದಿದ್ದರೆ 144 ಹರ್ಟ್ಸ್‌ನ ಮಾನಿಟರು 60ರಲ್ಲೇ ಉಳಿದುಬಿಡಬಹುದು. ವಿಂಡೋಸ್ 11ರಲ್ಲಿ ವ್ಯಾಲರೆಂಟ್ ಆಡಬಯಸುವವರು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಆಯ್ಕೆಗಳನ್ನೂ ಅದೇ ಬಯಾಸಿನಲ್ಲಿ ತೆರೆದಿಡಬೇಕು.

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ: ಪ್ರತಿ ಭಾಗದ ಸೀರಿಯಲ್ ನಂಬರನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ, ಬಿಲ್ಲಿನ ಛಾಯಾಚಿತ್ರ ತೆಗೆದಿಟ್ಟುಕೊಳ್ಳಿ, ಪೆಟ್ಟಿಗೆಗಳನ್ನು ವಾರಂಟಿ ಮುಗಿಯುವವರೆಗೆ ಎಸೆಯಬೇಡಿ.