ಎನ್‌ಎಲ್‌ಆರ್ ನೋಡಿ ಕಣ್ಣಿನ ಸ್ಥಿತಿ ಹೇಳಬಹುದೇ?

ಕೊರೊನಾ ಕಾಲದಲ್ಲಿ ಹಳ್ಳಿಯವರ ಬಾಯಿಗೂ ಮೂರು ಹೊಸ ಹೆಸರು ಬಂದವು: ಸಿಆರ್‌ಪಿ, ಡಿ-ಡೈಮರ್, ಎನ್‌ಎಲ್‌ಆರ್. ಮೊದಲೆರಡನ್ನು ಜನ ಹೆಚ್ಚುಕಡಿಮೆ ಮರೆತಿದ್ದಾರೆ. ಮೂರನೆಯದು ಕೆಲವು ಲ್ಯಾಬುಗಳ ಸಿಬಿಸಿ (ರಕ್ತಕಣಗಳ ಎಣಿಕೆ) ವರದಿಯ ಕೊನೆಯಲ್ಲಿ ಹಾಗೆಯೇ ಉಳಿದುಕೊಂಡಿದೆ. ಅದಕ್ಕೆ ಬೇರೆ ರಕ್ತ ಬೇಡ, ಬೇರೆ ಖರ್ಚೂ ಇಲ್ಲ. ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ 65, ಲಿಂಫೋಸೈಟ್ 25 ಎಂದಿದ್ದರೆ ಒಂದನ್ನು ಇನ್ನೊಂದರಿಂದ ಭಾಗಿಸಿ 2.6 ಎಂದು ಬರೆದರಾಯಿತು. ಸ್ಲೊವಾಕಿಯಾದ ವೈದ್ಯ ಝಹೋರೆಕ್ 2001ರಲ್ಲಿ ಐಸಿಯು ರೋಗಿಗಳ ದೇಹ ಎಷ್ಟು ಒತ್ತಡದಲ್ಲಿದೆ ಎಂದು ಅಳೆಯಲು ಸೂಚಿಸಿದ ಲೆಕ್ಕ ಇದು. ಆಮೇಲೆ ಕ್ಯಾನ್ಸರ್‌ಗೆ, ಹೃದಯಕ್ಕೆ, ಕೊನೆಗೆ ಕಣ್ಣಿಗೂ ಅದನ್ನು ಹಚ್ಚಿದರು. ಕಳೆದ ದಶಕದಲ್ಲಿ ಟರ್ಕಿ, ಚೀನಾಗಳಿಂದ ಈ ಬಗ್ಗೆ ಸಾಲುಸಾಲು ಲೇಖನಗಳು ಬಂದಿವೆ. ರೆಟಿನಾದ ಸಿರೆ ಕಟ್ಟಿಕೊಂಡವರಲ್ಲಿ, ಸಕ್ಕರೆ ಕಾಯಿಲೆಯಿಂದ ರೆಟಿನಾ ಹಾಳಾದವರಲ್ಲಿ ಎನ್‌ಎಲ್‌ಆರ್ ಹೆಚ್ಚಿರುತ್ತದೆ, ಕಣ್ಣಿನ ಡಾಕ್ಟರರು ಸಿಗದ ಕಡೆ ಇದು ಅಗ್ಗದ ಸೂಚಕವಾಗಬಹುದು ಎಂಬುದು ಅವುಗಳ ಸಾರ.

ಕಣ್ಣಿನ ಡಾಕ್ಟರರು ಸುಲಭಕ್ಕೆ ಸಿಗದ ಕಡೆ ಎಂದರೆ ನಮ್ಮಂಥ ಊರುಗಳೇ. ಸುಳ್ಯದಲ್ಲಿ ಕೆವಿಜಿ ಮೆಡಿಕಲ್ ಕಾಲೇಜಿದೆ, ಪುತ್ತೂರಿನಲ್ಲಿ ಆಸ್ಪತ್ರೆಗಳಿವೆ. ಆದರೆ ಕಡಬದ ಒಳಗಿನ ಹಳ್ಳಿಯವರಿಗೆ, ಸುಬ್ರಹ್ಮಣ್ಯದ ಆಚೆ ಘಟ್ಟದ ಬುಡದಲ್ಲಿರುವವರಿಗೆ ರೆಟಿನಾ ತೋರಿಸುವುದೆಂದರೆ ಬಸ್ಸು ಹತ್ತಿ ಒಂದು ದಿನದ ಕೂಲಿ ಬಿಡುವ ಮಾತು. ಸಿಬಿಸಿ ಮಾಡುವ ಲ್ಯಾಬು ಮಾತ್ರ ಪೇಟೆ ಪೇಟೆಯಲ್ಲೂ ಇದೆ. ಹಾಗಿದ್ದ ಮೇಲೆ ಈ ಅಗ್ಗದ ಸೂಚಕ ನಮ್ಮ ತಾಲೂಕುಗಳಿಗೆ ಹೇಳಿ ಮಾಡಿಸಿದಂತಿರಬೇಕಲ್ಲ? ಇಲ್ಲ ಎಂಬುದು ನನ್ನ ತೀರ್ಮಾನ.

ಮೊದಲು ಅದರ ಪರವಾಗಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ರೆಟಿನಾದ ರಕ್ತನಾಳಗಳ ಕಾಯಿಲೆಯಲ್ಲಿ ಉರಿಯೂತದ ಪಾತ್ರ ಇರುವುದು ನಿಜ. ಸಕ್ಕರೆ ಹೆಚ್ಚಿದ್ದಾಗ ಬಿಳಿ ಕಣಗಳು ಸೂಕ್ಷ್ಮನಾಳಗಳ ಒಳಗೋಡೆಗೆ ಅಂಟಿಕೊಂಡು ದಾರಿ ಕಟ್ಟುತ್ತವೆ. ಬಿಪಿ ಇದ್ದವರಲ್ಲಿ ಗಡುಸಾದ ಅಪಧಮನಿಯು ತನ್ನನ್ನು ದಾಟಿಹೋಗುವ ಸಿರೆಯನ್ನು ಒತ್ತುತ್ತದೆ; ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಹಿಂದಿನ ಭಾಗವೆಲ್ಲ ಬಾತುಕೊಳ್ಳುತ್ತದೆ. ಉಸಿರುಗಟ್ಟಿದ ರೆಟಿನಾ ವಿಇಜಿಎಫ್, ಐಎಲ್-6 ಮುಂತಾದ ರಾಸಾಯನಿಕಗಳನ್ನು ಬಿಡುತ್ತದೆ, ನಾಳಗಳು ಸೋರುತ್ತವೆ, ದೃಷ್ಟಿ ಮಂಜಾಗುತ್ತದೆ. ಕಣ್ಣಿನೊಳಗೆ ವಿಇಜಿಎಫ್ ತಡೆಯುವ ಇಂಜೆಕ್ಷನ್ ಕೊಟ್ಟರೂ, ಸ್ಟೆರಾಯ್ಡ್ ಇಟ್ಟರೂ ಆ ಬಾವು ಇಳಿಯುತ್ತದೆ. ಉರಿಯೂತ ಬರೀ ಊಹೆಯಲ್ಲ ಎನ್ನಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ.

ತೊಡಕು ಇರುವುದು ಆ ಉರಿಯೂತ ನಡೆಯುವ ಜಾಗದಲ್ಲಿ. ಅದು ಕಣ್ಣಿನೊಳಗೆ, ಕೆಲವು ಮಿಲಿಮೀಟರ್ ಜಾಗದಲ್ಲಿ ನಡೆಯುತ್ತದೆ. ನಾವು ರಕ್ತ ತೆಗೆಯುವುದು ತೋಳಿನಿಂದ. ಉಪ್ಪಿನಂಗಡಿಯ ಸಂಗಮದಲ್ಲಿ ನೀರು ಕೆಂಪಾದರೆ ಘಟ್ಟದಲ್ಲಿ ಮಳೆಯಾಗಿದೆ ಎನ್ನಬಹುದು, ಯಾವ ತೋಡು ಉಕ್ಕಿತೆಂದು ಹೇಳಲು ಬರುವುದಿಲ್ಲ. ಹಲ್ಲಿನ ಕೀವು, ಕಾಲಿನ ಹುಣ್ಣು, ಆಸ್ತಮಾಕ್ಕೆ ನುಂಗಿದ ಸ್ಟೆರಾಯ್ಡ್ ಮಾತ್ರೆ, ನಿದ್ದೆಗೆಟ್ಟ ರಾತ್ರಿ ಎಲ್ಲವೂ ನ್ಯೂಟ್ರೋಫಿಲ್ ಏರಿಸಿ ಲಿಂಫೋಸೈಟ್ ಇಳಿಸಬಲ್ಲವು. ನ್ಯೂಟ್ರೋಫಿಲ್ ರಕ್ತದಲ್ಲಿ ಸುತ್ತಾಡುವುದು ಕೆಲವೇ ಗಂಟೆ. ರೆಟಿನಾ ಕೆಡಲು ವರ್ಷಗಳು ಬೇಕು. ವರ್ಷಗಳ ಕಥೆಗೆ ಗಂಟೆಗಳ ಸಾಕ್ಷಿಯನ್ನು ಕರೆಯುವುದೇ ವಿಚಿತ್ರ.

ನಮ್ಮ ಕಡೆ ಮಳೆಗಾಲ ಬೇರೆ ಇದೆ. ರಬ್ಬರ್ ತೋಟದ ಚಿಪ್ಪುಗಳಲ್ಲಿ, ಬಿದ್ದ ಅಡಿಕೆ ಹಾಳೆಗಳಲ್ಲಿ ನೀರು ನಿಂತು ಡೆಂಗಿ ಶುರುವಾಗುತ್ತದೆ. ಕೆಸರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಇಲಿಜ್ವರ. ಡೆಂಗಿಯಲ್ಲಿ ಬಿಳಿ ಕಣಗಳು ಕುಸಿದು ಲಿಂಫೋಸೈಟ್‌ಗಳ ಪಾಲು ಹೆಚ್ಚುವುದರಿಂದ ಎನ್‌ಎಲ್‌ಆರ್ ಇಳಿಯುತ್ತದೆ. ಇಲಿಜ್ವರದಲ್ಲಿ ನ್ಯೂಟ್ರೋಫಿಲ್ ಏರಿ ಅದೇ ಸಂಖ್ಯೆ ಮೇಲೇಳುತ್ತದೆ. ಒಂದೇ ತೋಟದಲ್ಲಿ ಕೆಲಸ ಮಾಡುವ ಇಬ್ಬರ ವರದಿ ಜುಲೈಯಲ್ಲಿ ಎರಡು ದಿಕ್ಕಿಗೆ ಓಡಿದರೆ ಅದರಲ್ಲಿ ಅವರ ಕಣ್ಣಿನ ಸುದ್ದಿ ಏನೂ ಇರುವುದಿಲ್ಲ. ತಿರುಗಾಮುರುಗಾ ಸಂಗತಿಯೂ ಉಂಟು. ಜ್ವರ ಬಿಟ್ಟು ಎರಡರಿಂದ ನಾಲ್ಕು ವಾರಗಳ ನಂತರ ಕೆಲವರಿಗೆ ರೆಟಿನಾದಲ್ಲಿ ಉರಿಯೂತ ಕಾಣಿಸಿಕೊಳ್ಳುತ್ತದೆ. ಕರ್ನಾಟಕದಲ್ಲಿ 2006ರ ಚಿಕೂನ್‌ಗುನ್ಯಾ ಹಾವಳಿಯ ನಂತರ ಬೆಂಗಳೂರಿನ ನಾರಾಯಣ ನೇತ್ರಾಲಯದ ಪದ್ಮಮಾಲಿನಿ ಮಹೇಂದ್ರದಾಸ್ ಮತ್ತು ಸಂಗಡಿಗರು ಅಂಥ ಕಣ್ಣುಗಳ ಬಗ್ಗೆ 2008ರಲ್ಲಿ ಬರೆದರು. ಅಷ್ಟು ಹೊತ್ತಿಗೆ ಸಿಬಿಸಿ ಹೆಚ್ಚಾಗಿ ತಣ್ಣಗಾಗಿರುತ್ತದೆ. ಕಣ್ಣು ಉರಿಯುತ್ತಿರುವಾಗ ರಕ್ತ ಸುಮ್ಮನಿರುತ್ತದೆ.

ಎಣಿಕೆಯ ವಿಷಯವನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಸಣ್ಣ ಲ್ಯಾಬಿನಲ್ಲಿ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಡಿ 100 ಬಿಳಿ ಕಣಗಳನ್ನು ಎಣಿಸುತ್ತಾರೆ. ಅದರಲ್ಲಿ 25 ಲಿಂಫೋಸೈಟ್ ಸಿಕ್ಕರೆ ನಿಜವಾದ ಪ್ರಮಾಣ 17ರಿಂದ 34ರವರೆಗೆ ಎಲ್ಲಿಯಾದರೂ ಇರಬಹುದು. ಟೆಕ್ನಿಷಿಯನ್ನರ ತಪ್ಪಲ್ಲ, ನೂರೇ ಕಣ ಎಣಿಸಿದರೆ ಅಷ್ಟು ಅಂತರ ಇದ್ದೇ ಇರುತ್ತದೆ. ಆ ಲೆಕ್ಕದಲ್ಲಿ ನಮ್ಮ 2.6 ಎಂಬುದು 1.6ರಿಂದ 4.3ರವರೆಗೆ ಏನೂ ಆಗಿರಬಹುದು. ಯಂತ್ರ ಸಾವಿರಾರು ಕಣ ಎಣಿಸುವುದರಿಂದ ಈ ಅಲುಗಾಟ ತಗ್ಗುತ್ತದೆ, ನಿಜ. ಆದರೆ ಲೇಖನಗಳು ರೋಗಿ ಮತ್ತು ನಿರೋಗಿಯ ನಡುವೆ ತೋರಿಸುವ ವ್ಯತ್ಯಾಸ ಬಹಳ ಸಲ ಕೈಯೆಣಿಕೆಯ ಈ ಅಲುಗಾಟಕ್ಕಿಂತ ಚಿಕ್ಕದು.

ಆ ಲೇಖನಗಳಲ್ಲಿ ನನಗೆ ಇನ್ನೊಂದು ಅಸಮಾಧಾನವಿದೆ. ಹೆಚ್ಚಿನವು ಆಸ್ಪತ್ರೆಯ ಹಳೆಯ ಕಡತ ತೆರೆದು ಮಾಡಿದ ಹೋಲಿಕೆಗಳು. ಅಪಾಯದ ಗೆರೆ ಎಲ್ಲಿ ಎಂಬುದನ್ನು ತಮ್ಮ ಅಂಕಿಗಳಿಂದಲೇ ಹೆಕ್ಕಿ, ಅದೇ ಅಂಕಿಗಳ ಮೇಲೆ ಪರೀಕ್ಷಿಸಿ ಭೇಷ್ ಎನ್ನುತ್ತವೆ. ಹಾಗಾಗಿ ಒಂದೊಂದು ಊರಿಗೆ ಒಂದೊಂದು ಗೆರೆ. ಬಿಪಿ, ಸಕ್ಕರೆ, ಬೊಜ್ಜು ಇರುವವರಲ್ಲಿ ಈ ಸಂಖ್ಯೆ ಹೇಗೂ ಏರುತ್ತದೆ; ರೆಟಿನಾದ ಕಾಯಿಲೆ ಬರುವುದೂ ಅವರಿಗೇ. ಬಿಪಿ ಯಂತ್ರ ಹೇಳುವುದಕ್ಕಿಂತ ಹೆಚ್ಚಿನದನ್ನು ಎನ್‌ಎಲ್‌ಆರ್ ಏನು ಹೇಳಿತು ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಅವುಗಳಲ್ಲಿ ಸಿಗುವುದು ಅಪರೂಪ.

ಇಷ್ಟಾದರೂ ಉದಾರವಾಗಿ, ಪರೀಕ್ಷೆ ನೂರಕ್ಕೆ 70 ರೋಗಿಗಳನ್ನು ಹಿಡಿಯುತ್ತದೆ, ನೂರಕ್ಕೆ 70 ನಿರೋಗಿಗಳನ್ನು ಸರಿಯಾಗಿ ಬಿಡುತ್ತದೆ ಎಂದಿಟ್ಟುಕೊಳ್ಳೋಣ. 2022ರಲ್ಲಿ ಪ್ರಕಟವಾದ ಸ್ಮಾರ್ಟ್ ಇಂಡಿಯಾ ಅಧ್ಯಯನದ ಪ್ರಕಾರ 40 ದಾಟಿದ ಸಕ್ಕರೆ ಕಾಯಿಲೆಯವರಲ್ಲಿ ಶೇಕಡಾ 12.5 ಮಂದಿಗೆ ರೆಟಿನೋಪತಿ ಇದೆ. ಅಂದರೆ ಸಾವಿರದಲ್ಲಿ 125. ನಮ್ಮ ಪರೀಕ್ಷೆ ಅವರಲ್ಲಿ 88 ಮಂದಿಯನ್ನು ಹಿಡಿಯುತ್ತದೆ. ಜೊತೆಗೆ ಏನೂ ಇಲ್ಲದ 260ಕ್ಕೂ ಹೆಚ್ಚು ಮಂದಿಯನ್ನು ಹೆದರಿಸುತ್ತದೆ. ಅವರನ್ನಾದರೂ ಡಾಕ್ಟರರು ನೋಡಿ ಸಮಾಧಾನ ಹೇಳಿ ಕಳಿಸಬಹುದು. ಉಳಿದ 37 ಮಂದಿಯನ್ನು ಕಣ್ಣು ಚೆನ್ನಾಗಿದೆ ಎಂದು ಮನೆಗೆ ಕಳಿಸಿರುತ್ತೇವೆ. ರೆಟಿನೋಪತಿ ಮೊದಮೊದಲು ನೋವೂ ಕೊಡುವುದಿಲ್ಲ, ಮಂಜೂ ಮಾಡುವುದಿಲ್ಲ. ಅವರು ಮತ್ತೆ ಬರುವುದು ಒಂದು ಕಣ್ಣು ಹೋದ ಮೇಲೆಯೇ.

ಹಾಗೆಂದು ರಕ್ತಪರೀಕ್ಷೆಯನ್ನೇ ದೂರುವುದು ನ್ಯಾಯವಲ್ಲ. ವಯಸ್ಸಾದವರಿಗೆ ಒಮ್ಮೆಲೇ ಒಂದು ಕಣ್ಣು ಕತ್ತಲಾಗಿ, ಜೊತೆಗೆ ಹೊಸದಾಗಿ ತಲೆನೋವು, ಅಗಿಯುವಾಗ ದವಡೆ ನೋವು ಇದ್ದರೆ ಇಎಸ್‌ಆರ್, ಸಿಆರ್‌ಪಿ ಅದೇ ದಿನ ಬೇಕು. ಅಪಧಮನಿಯ ಉರಿಯೂತವಾಗಿದ್ದರೆ ತಕ್ಷಣ ಸ್ಟೆರಾಯ್ಡ್ ಕೊಟ್ಟು ಇನ್ನೊಂದು ಕಣ್ಣನ್ನಾದರೂ ಉಳಿಸಬೇಕಾಗುತ್ತದೆ. ಭಾರತದಲ್ಲಿ ಇದು ಕಡಿಮೆ, ಆದರೆ ಅಲ್ಲಿ ರಕ್ತದ ಸಂಖ್ಯೆಯು ಡಾಕ್ಟರರು ಮುಂದೆ ಮಾಡಬೇಕಾದ ಕೆಲಸವನ್ನು ಬದಲಿಸುತ್ತದೆ. ಯುವಕರ ಕಣ್ಣಿನಲ್ಲಿ ಮತ್ತೆಮತ್ತೆ ರಕ್ತ ಸುರಿಯುವ ಈಲ್ಸ್ ಕಾಯಿಲೆ ನಮ್ಮ ದೇಶದಲ್ಲೇ ಹೆಚ್ಚು. ಬರ್ಮಿಂಗ್‌ಹ್ಯಾಮಿನ ಹೆನ್ರಿ ಈಲ್ಸ್ 1880ರಲ್ಲಿ ಅದನ್ನು ವರ್ಣಿಸಿದಾಗ ಮಲಬದ್ಧತೆಗೆ ಗಂಟು ಹಾಕಿದ್ದರು. ಈಗ ಅನುಮಾನ ಕ್ಷಯದ ಕಡೆಗಿದೆ, ಹಾಗಾಗಿ ಮಾಂಟೂ ಪರೀಕ್ಷೆ, ಎದೆಯ ಎಕ್ಸ್‌ರೇ ಮಾಡಿಸುತ್ತಾರೆ. ಇವೆಲ್ಲ ಕಣ್ಣನ್ನು ನೋಡಿದ ಮೇಲೆ ಕೇಳುವ ಪರೀಕ್ಷೆಗಳು. ಎನ್‌ಎಲ್‌ಆರ್‌ನ ಹುಮ್ಮಸ್ಸು ಕಣ್ಣು ನೋಡುವುದನ್ನೇ ಬಿಟ್ಟು ಮುಂದೆ ಹೋಗಲು ಹೊರಟಿದೆ.

ದೂರದ ಊರಿಗೆ ಡಾಕ್ಟರರನ್ನು ಕಳಿಸಲಾಗದಿದ್ದರೆ ಚಿತ್ರವನ್ನು ಡಾಕ್ಟರರ ಬಳಿಗೆ ಕಳಿಸಬಹುದು. ಕರ್ನಾಟಕ ಇದನ್ನು 2008ರಲ್ಲೇ ಮಾಡಿ ತೋರಿಸಿದೆ. ನಾರಾಯಣ ನೇತ್ರಾಲಯದ ಆನಂದ್ ವಿನೇಕರ್ ಅವರ ಕಿಡ್ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ಟೆಕ್ನಿಷಿಯನ್ನರು ಜಿಲ್ಲೆಗಳಿಗೆ ಹೋಗಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ರೆಟಿನಾದ ಫೋಟೊ ತೆಗೆದು ಬೆಂಗಳೂರಿಗೆ ಕಳಿಸಿದರು. ಆ ಶಿಶುಗಳಿಗೆ ಬರುವುದೂ ರೆಟಿನಾದ ರಕ್ತನಾಳಗಳ ಕಾಯಿಲೆಯೇ. ಹಸುಗೂಸಿನ ಕಣ್ಣನ್ನು ಚಿತ್ರ ತೆಗೆಯಬಹುದಾದರೆ ಅರವತ್ತು ವರ್ಷದ ಕೃಷಿಕರ ಕಣ್ಣು ಎಷ್ಟರ ಕೆಲಸ? ಸರ್ಕಾರದ ಆಶಾಕಿರಣ ಯೋಜನೆ ಕನ್ನಡಕ ಕೊಡುತ್ತದೆ, ಪೊರೆ ತೆಗೆಸುತ್ತದೆ. ಒಳ್ಳೆಯ ಕೆಲಸ. ಅದರ ಜೊತೆ ಸುಳ್ಯ, ಪುತ್ತೂರು, ಕಡಬ ಮೂರೂ ತಾಲೂಕಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೆಟಿನಾ ಕ್ಯಾಮೆರಾ ಮತ್ತು ಅದನ್ನು ಹಿಡಿಯಬಲ್ಲ ಒಬ್ಬರು ಸಕ್ಕರೆ ಕಾಯಿಲೆಯ ಕ್ಲಿನಿಕ್ಕಿನ ದಿನವಾದರೂ ಇರಬೇಕೆಂದು ಕೇಳುವುದು ದುಬಾರಿ ಬೇಡಿಕೆಯಲ್ಲ.

ಅಲ್ಲಿಯ ತನಕ ಶುಗರ್ ಇರುವ ಓದುಗರಲ್ಲಿ ಒಂದು ವಿನಂತಿ. ಸಿಬಿಸಿ ವರದಿಯ ಕೊನೆಯ ಸಾಲನ್ನು ನೋಡಿ ಹೆದರಬೇಡಿ, ನೆಮ್ಮದಿಯನ್ನೂ ಪಡಬೇಡಿ. ವರ್ಷಕ್ಕೊಮ್ಮೆ, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ, ಡ್ರಾಪ್ಸ್ ಹಾಕಿ ರೆಟಿನಾ ನೋಡಿ ಎಂದು ನೀವಾಗಿಯೇ ಕೇಳಿ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ. ಬೈಕಿನಲ್ಲಿ ಹೋಗಬೇಡಿ, ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.