ಟಿಕೆಟ್ಟಿಗೂ ಮೊದಲು ನಾಯಿಯ ತಾರೀಖು

ಮಕ್ಕಳು ಹೊರದೇಶಕ್ಕೆ ಹೋಗುವುದು ತರೀಕೆರೆ, ಕಡೂರು, ಅಜ್ಜಂಪುರದ ಕಡೆ ಈಗ ಸುದ್ದಿಯೇ ಅಲ್ಲ. ಈಚೆಗೆ ಅವರ ಹಿಂದೆ ನಾಯಿಯೂ ಹೊರಡುತ್ತಿದೆ. ಕೆಮ್ಮಣ್ಣುಗುಂಡಿಯ ಬುಡದಲ್ಲಿರುವ ಲಿಂಗದಹಳ್ಳಿ, ಸಂತವೇರಿ ಸುತ್ತಿನ ತೋಟದ ಮನೆಗಳಲ್ಲಿ ಮಗಳಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು ಎಂಬ ಮಾತಿನ ಜೊತೆಗೇ ‘ನಾಯೀನೂ ಕರ್ಕೊಂಡು ಹೋಗ್ತಾಳಂತೆ’ ಎಂಬ ಮಾತೂ ಕಿವಿಗೆ ಬೀಳುತ್ತದೆ. ಕಾವಲಿಗೊಂದು ಇರಲಿ ಎಂದು ನಾಯಿ ಸಾಕುತ್ತಿದ್ದ ಮನೆಗಳು ಅದನ್ನು ಮನೆಮಂದಿಯ ಲೆಕ್ಕಕ್ಕೆ ಸೇರಿಸಿಕೊಂಡದ್ದು ಸಂತೋಷದ ವಿಷಯ. ಆದರೆ ಕರೆದೊಯ್ಯಲು ನಾವು ಮಾಡುತ್ತಿರುವ ತಯಾರಿಯ ಕ್ರಮ ತಲೆಕೆಳಗಾಗಿದೆ. ವೀಸಾ ಬಂದು, ಟಿಕೆಟ್ ಆಗಿ, ಅಲ್ಲಿ ಬಾಡಿಗೆ ಮನೆಯೂ ಗೊತ್ತಾದ ಮೇಲೆ ಕೊನೆಗೆ ನಾಯಿಯ ಕಾಗದಪತ್ರಕ್ಕೆ ಕೈಹಾಕುತ್ತೇವೆ. ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಅದು.

ಏಕೆ ಎಂಬುದಕ್ಕೆ ಯುರೋಪಿಯನ್ ಒಕ್ಕೂಟದ ನಿಯಮವನ್ನೇ ನೋಡಿ. ಮೊದಲು ನಾಯಿಯ ಚರ್ಮದಡಿಗೆ ಮೈಕ್ರೋಚಿಪ್ ಹೋಗಬೇಕು. ಅಕ್ಕಿಕಾಳಿನಷ್ಟು ದೊಡ್ಡದಾದ ಈ ಚಿಪ್ಪನ್ನು ದಪ್ಪ ಸೂಜಿಯಲ್ಲಿ ಹೆಗಲೆಲುಬುಗಳ ನಡುವೆ ಸೇರಿಸುತ್ತಾರೆ. ರೀಡರ್ ಹಿಡಿದರೆ 15 ಅಂಕೆಗಳ ಸಂಖ್ಯೆ ಕಾಣುತ್ತದೆ. ಚಿಪ್ಪು ಹಾಕಿದ ದಿನವೋ ಆಮೇಲೋ ರೇಬೀಸ್ ಲಸಿಕೆ. ಮರಿಯಾದರೆ ಅದಕ್ಕೆ 12 ವಾರ ತುಂಬಿರಬೇಕು. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು, ರೇಬೀಸ್ ವಿರುದ್ಧದ ಪ್ರತಿಕಾಯ ಎಷ್ಟಿದೆ ಎಂದು ಪರೀಕ್ಷಿಸಬೇಕು. ಇದೇ ಟೈಟರ್ ಪರೀಕ್ಷೆ. ಒಂದು ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪಾಸು. ಪಾಸಾದ ಮಾತ್ರಕ್ಕೆ ಹೊರಡುವಂತಿಲ್ಲ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಎಲ್ಲ ಕೂಡಿಸಿದರೆ ಚಿಪ್ಪಿನಿಂದ ವಿಮಾನಕ್ಕೆ ನಾಲ್ಕು ತಿಂಗಳು, ಅದೂ ಒಂದು ದಿನವೂ ಹಾಳಾಗದಿದ್ದರೆ. ಬ್ರಿಟನ್ನಿನದೂ ಬಹುಪಾಲು ಇದೇ ಲೆಕ್ಕ. ಅದರ ಜೊತೆಗೆ ನಾಯಿಗೆ ಅಲ್ಲಿಗೆ ತಲುಪುವ ಮುಂಚಿನ 24ರಿಂದ 120 ಗಂಟೆಗಳ ಒಳಗೆ ಲಾಡಿಹುಳುವಿನ ಔಷಧ ಆಗಿರಬೇಕು, ಮತ್ತು ವಿಮಾನದಲ್ಲಿ ಅದು ಕಾರ್ಗೋ ಆಗಿಯೇ ಬರಬೇಕು. ಜಪಾನಿಗೆ ಕಾಯುವ ಅವಧಿ 180 ದಿನ. ಆಸ್ಟ್ರೇಲಿಯದ ಒಪ್ಪಿತ ದೇಶಗಳ ಪಟ್ಟಿಯಲ್ಲಿ ಭಾರತವೇ ಇಲ್ಲದಿರುವುದರಿಂದ ಇಲ್ಲಿಂದ ನೇರ ಒಯ್ಯುವ ದಾರಿಯೇ ಇಲ್ಲ.

ಕೆಲಸಕ್ಕೆ ಕರೆಯುವ ಕಂಪನಿ ಎರಡು ತಿಂಗಳೊಳಗೆ ಬಂದು ಸೇರಿ ಎನ್ನುತ್ತದೆ. ನಾಯಿಗೆ ಬೇಕಾದದ್ದು ನಾಲ್ಕು. ಈ ಎರಡು ತಿಂಗಳ ವ್ಯತ್ಯಾಸವೇ ಎಲ್ಲ ಗಡಿಬಿಡಿಗೂ, ಎಲ್ಲ ದುಂದಿಗೂ, ಕೆಲವೊಮ್ಮೆ ಸುಳ್ಳು ತಾರೀಖು ಹಾಕಿಸುವ ಆಸೆಗೂ ಮೂಲ. ಆ ಆಸೆಗೆ ಬೀಳಲೇಬಾರದು. ಕಾಗದ ತಾಳೆಯಾಗದ ಪ್ರಾಣಿಯನ್ನು ತಲುಪಿದ ದೇಶ ವಾಪಸು ಕಳಿಸಬಹುದು, ಮಾಲೀಕರ ಖರ್ಚಿನಲ್ಲಿ ಪ್ರತ್ಯೇಕವಾಗಿ ಇರಿಸಬಹುದು. ಇವೆರಡೂ ಆಗದಿದ್ದರೆ ಕೊನೆಯ ದಾರಿಯಾಗಿ ದಯಾಮರಣ ಕೊಡಲೂ ಯುರೋಪಿನ ಕಾನೂನಿನಲ್ಲಿ ಅವಕಾಶವಿದೆ. ತಪ್ಪು ಮನುಷ್ಯರದು, ಶಿಕ್ಷೆ ಅನುಭವಿಸುವುದು ಮಾತು ಬಾರದ ಜೀವ.

ನಮ್ಮ ಕಡೆ ಅತಿ ಹೆಚ್ಚು ಎಡವುವುದು ಚಿಪ್ಪು–ಲಸಿಕೆಯ ಕ್ರಮದಲ್ಲಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರ ನಡೆಯುತ್ತದೆ. ಜನ ಹಗ್ಗ ಕಟ್ಟಿ, ಬೈಕಿನ ಮುಂದೆ ಕೂರಿಸಿಕೊಂಡು, ಪಿಕಪ್ಪಿನಲ್ಲಿ ಹತ್ತಿಸಿಕೊಂಡು ನಾಯಿಗಳನ್ನು ತರುತ್ತಾರೆ. ಊರಿನ ಆರೋಗ್ಯಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಆದರೆ ಚಿಪ್ಪಿಲ್ಲದ ನಾಯಿಗೆ ಹಾಕಿದ ಆ ಲಸಿಕೆ ವಿದೇಶ ಪ್ರಯಾಣದ ಲೆಕ್ಕಕ್ಕೆ ಬರುವುದಿಲ್ಲ. ಐದು ವರ್ಷ ತಪ್ಪದೆ ಹಾಕಿಸಿದ್ದರೂ ಅಷ್ಟೇ. ಕಾರ್ಡಿನ ಮೇಲೆ ಬರೆದ ‘ರಾಜು, ಕಂದು ಬಣ್ಣ, ಗಂಡು’ ಎಂಬುದು ಇದೇ ನಾಯಿ ಎಂದು ಫ್ರಾಂಕ್‌ಫರ್ಟ್‌ನ ಅಧಿಕಾರಿಗೆ ಖಾತ್ರಿ ಕೊಡುವವರು ಯಾರು? ಆ ಖಾತ್ರಿ ಸಿಗುವುದು ಚಿಪ್ಪಿನ ಸಂಖ್ಯೆಯಿಂದ. ಪ್ರಮಾಣಪತ್ರದಲ್ಲಿ ಮೊದಲು ಆ ಸಂಖ್ಯೆ, ಜೊತೆಗೆ ಲಸಿಕೆಯ ಹೆಸರು, ತಯಾರಕರು, ಬ್ಯಾಚ್ ನಂಬರು, ಹಾಕಿದ ದಿನ, ಎಲ್ಲಿಯವರೆಗೆ ಊರ್ಜಿತ ಎಂಬ ದಿನ, ಡಾಕ್ಟರ ಸಹಿ ಮತ್ತು ಮೊಹರು ಇರಬೇಕು. ಬಾಟಲಿಯ ಮೇಲಿನ ಚೀಟಿಯನ್ನು ಕಿತ್ತು ಕಾರ್ಡಿಗೆ ಅಂಟಿಸುವುದು ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷ ಉಳಿಸಿದ್ದಕ್ಕೆ ಮುಂದೆ ನಾಲ್ಕು ತಿಂಗಳು ತೆರಬೇಕಾಗುತ್ತದೆ.

ರಕ್ತದ ಮಾದರಿಯದೂ ಇಂಥದೇ ನಾಜೂಕು. ಪರೀಕ್ಷೆಗೆ ಬೇಕಾದದ್ದು ಸೀರಮ್. ರಕ್ತ ಹೆಪ್ಪುಗಟ್ಟಿದ ಮೇಲೆ ಅದನ್ನು ಬೇರ್ಪಡಿಸಿ, ತಣ್ಣಗೆ ಇಟ್ಟು ಕಳಿಸಬೇಕು. ತರೀಕೆರೆಯಲ್ಲಿ ತೆಗೆದ ರಕ್ತವನ್ನು ಹಾಗೇ ಬಿಸಿಲಿನ ಬಸ್ಸಿನಲ್ಲಿ ಕುಲುಕಿಸಿಕೊಂಡು ಬೆಂಗಳೂರಿಗೆ ಒಯ್ದರೆ ರಕ್ತಕಣ ಒಡೆದು ಮಾದರಿ ಕೆಡುತ್ತದೆ. ರೇಬೀಸ್ ವಿಷಯದಲ್ಲಿ ಹೆಸರಾದ ನಿಮ್ಹಾನ್ಸ್ ಮತ್ತು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಪ್ರಯೋಗಾಲಯಗಳು ಬೆಂಗಳೂರಿನಲ್ಲೇ ಇವೆ. ಆದರೂ ಹೋಗುವ ದೇಶ ಯಾವ ಪ್ರಯೋಗಾಲಯದ ವರದಿಯನ್ನು ಒಪ್ಪುತ್ತದೆ ಎಂದು ಅದರ ಅಧಿಕೃತ ಪಟ್ಟಿ ನೋಡಿಕೊಂಡೇ ಮಾದರಿ ಕಳಿಸಬೇಕು.

ಇಷ್ಟು ಬಿಗಿ ಬೇಕೇ ಎಂದು ಕೇಳುವವರಿದ್ದಾರೆ. ಬೇಕು ಎಂದೇ ನನ್ನ ಅಭಿಪ್ರಾಯ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿನಿಂದ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ, ಮತ್ತು ನಮ್ಮ ದೇಶದಲ್ಲಿ ಇಂದಿಗೂ ಅದರಿಂದ ವರ್ಷವರ್ಷವೂ ಜನ ಸಾಯುತ್ತಿದ್ದಾರೆ. ಸೋಂಕು ತಗುಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಾಯಿ ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇರಬಲ್ಲದು. ಆ ಮೂರು ತಿಂಗಳ ಕಾಯುವಿಕೆ ಇರುವುದೇ ಇದಕ್ಕಾಗಿ. ಅಮೆರಿಕ ನಾಯಿಗಳಿಂದ ನಾಯಿಗಳಿಗೆ ಹರಡುವ ರೇಬೀಸ್ ತನ್ನಲ್ಲಿಲ್ಲ ಎಂದು 2007ರಲ್ಲಿ ಘೋಷಿಸಿಕೊಂಡಿತು. ಅದನ್ನು ಉಳಿಸಿಕೊಳ್ಳಲು 2024ರ ಆಗಸ್ಟ್ 1ರಿಂದ ಹೊಸ ನಿಯಮ ತಂದಿದೆ: ನಾಯಿಗೆ ಆರು ತಿಂಗಳು ತುಂಬಿರಬೇಕು, ಚಿಪ್ಪು ಇರಬೇಕು. ಭಾರತದಂಥ ಹೆಚ್ಚು ಅಪಾಯದ ದೇಶದಲ್ಲಿ ಲಸಿಕೆ ಹಾಕಿಸಿಕೊಂಡ ನಾಯಿಯಾದರೆ ನಿಗದಿಯಾದ ಕೆಲವೇ ವಿಮಾನ ನಿಲ್ದಾಣಗಳಲ್ಲಿ ಇಳಿಯಬೇಕು, ಅಲ್ಲಿನ ನೋಂದಾಯಿತ ಆರೈಕೆ ಕೇಂದ್ರದಲ್ಲಿ ಮೊದಲೇ ಜಾಗ ಕಾಯ್ದಿರಿಸಬೇಕು, ಟೈಟರ್ ವರದಿ ಇಲ್ಲದಿದ್ದರೆ 28 ದಿನ ಅಲ್ಲೇ ಉಳಿಯಬೇಕು. ಬ್ರಿಟನ್ 2000ದವರೆಗೂ ಹೊರಗಿನಿಂದ ಬರುವ ನಾಯಿ, ಬೆಕ್ಕುಗಳನ್ನು ಆರು ತಿಂಗಳು ಪ್ರತ್ಯೇಕವಾಗಿ ಕೂಡಿಹಾಕುತ್ತಿತ್ತು. ಚಿಪ್ಪು, ಲಸಿಕೆ, ರಕ್ತಪರೀಕ್ಷೆ ಆ ಸೆರೆವಾಸದ ಜಾಗಕ್ಕೆ ಬಂದವು. ಕಾಯುವ ಕಾಲವನ್ನು ನಾಯಿ ಅಪರಿಚಿತ ಗೂಡಿನಲ್ಲಿ ಕಳೆಯುವ ಬದಲು ತನ್ನ ಮನೆಯ ಜಗಲಿಯಲ್ಲೇ ಕಳೆಯುತ್ತದೆ. ಪ್ರಾಣಿಯ ಕಡೆಯಿಂದ ನೋಡಿದರೆ ಈಗಿನ ಕ್ರಮ ಹಿಂದಿನದಕ್ಕಿಂತ ಎಷ್ಟೋ ಕರುಣೆಯದು.

ನನ್ನ ತಕರಾರು ಇರುವುದು ತಯಾರಿಯೆಂದರೆ ಕಾಗದವಷ್ಟೇ ಎಂಬ ಭಾವನೆಯ ಬಗ್ಗೆ. ಏಜೆಂಟರಿಗೆ ಲಕ್ಷಗಟ್ಟಲೆ ಕೊಟ್ಟು ‘ಎಲ್ಲ ಅವರೇ ನೋಡ್ಕೋತಾರೆ’ ಎಂದು ಕೈತೊಳೆದುಕೊಳ್ಳುವವರು ಹೆಚ್ಚುತ್ತಿದ್ದಾರೆ. ಒಳ್ಳೆಯ ಏಜೆಂಟರು ಇದ್ದಾರೆ. ಪ್ರಾಣಿ ಸಂಪರ್ಕನಿಷೇಧ ಮತ್ತು ಪ್ರಮಾಣೀಕರಣ ಕೇಂದ್ರದಲ್ಲಿ ಆರೋಗ್ಯ ಪ್ರಮಾಣಪತ್ರ ಮಾಡಿಸುವುದು, ವಿಮಾನ ಸಂಸ್ಥೆಯೊಡನೆ ವ್ಯವಹರಿಸುವುದು ಹಳ್ಳಿಯಲ್ಲಿ ಕೂತವರಿಗೆ ಸುಲಭವಲ್ಲ ನಿಜ. ಆದರೆ ನಾಯಿಯನ್ನು ಪೆಟ್ಟಿಗೆಗೆ ಒಗ್ಗಿಸುವ ಕೆಲಸವನ್ನು ಯಾವ ಏಜೆಂಟೂ ಮಾಡಿಕೊಡಲಾರ. ನಮ್ಮ ತೋಟದ ನಾಯಿ ಬಾಗಿಲು ಹಾಕಿದ ಕೋಣೆಯನ್ನೇ ಕಂಡದ್ದಲ್ಲ. ಹಗಲು ಕಾಫಿ ಕಣದಲ್ಲಿ ಮಲಗಿ, ರಾತ್ರಿ ಹಂದಿ ಅಟ್ಟಿಕೊಂಡು ಹೋಗಿ ಬರುವ ಪ್ರಾಣಿ ಅದು. ಅಂಥದನ್ನು ಒಂದು ಬೆಳಗ್ಗೆ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ತುರುಕಿ, ದೇವನಹಳ್ಳಿಯವರೆಗೆ ಐದಾರು ಗಂಟೆ ಕುಲುಕಿಸಿ, ಅಲ್ಲಿಂದ ವಿಮಾನದ ಹೊಟ್ಟೆಗೆ ಹಾಕಿದರೆ ಅದಕ್ಕೆ ಏನಾದೀತೆಂದು ಯೋಚಿಸಬೇಕು.

ಪೆಟ್ಟಿಗೆಗೆ ಅಂತರರಾಷ್ಟ್ರೀಯ ವಾಯುಸಾರಿಗೆ ಸಂಘ, ಅಂದರೆ ಅಯಾಟಾ, ಗೊತ್ತುಮಾಡಿದ ಅಳತೆಯಿದೆ. ನಾಯಿಯನ್ನು ನೇರ ನಿಲ್ಲಿಸಿ ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಟೇಪು ಹಿಡಿಯಬೇಕು. ಅದಕ್ಕೆ ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಕೂಡಿಸಿದರೆ ಪೆಟ್ಟಿಗೆಯ ಉದ್ದ. ಹೆಗಲಿನ ಅಗಲದ ಎರಡರಷ್ಟು ಅದರ ಅಗಲ. ಎತ್ತರಕ್ಕೆ ತಲೆಯನ್ನೋ ಕಿವಿಯ ತುದಿಯನ್ನೋ, ಯಾವುದು ಮೇಲಿದೆಯೋ ಅದನ್ನು ಹಿಡಿಯಬೇಕು. ಚಪ್ಪಟೆ ಮೂಗಿನ ತಳಿಯಾದರೆ ಇನ್ನೂ ಶೇ. 10ರಷ್ಟು ದೊಡ್ಡದು. ನಾಲ್ಕೂ ಕಡೆ ಗಾಳಿಯಾಡಬೇಕು, ಬಾಗಿಲು ತೆರೆಯದೆ ಹೊರಗಿನಿಂದಲೇ ನೀರು ತುಂಬುವಂತಿರಬೇಕು. ಪೆಟ್ಟಿಗೆಯನ್ನು ತಿಂಗಳುಗಳ ಮೊದಲೇ ತಂದು, ಬಾಗಿಲು ಕಳಚಿ, ಜಗಲಿಯಲ್ಲಿ ಇಡಿ. ಊಟ ಅದರೊಳಗೆ ಹಾಕಿ, ಹಳೆಯ ಪಂಚೆಯನ್ನೋ ಸೀರೆಯನ್ನೋ ಹಾಸಿ. ತಾನಾಗಿ ಒಳಗೆ ಹೋಗಿ ಮಲಗುವ ದಿನ ಬಂದ ಮೇಲೆ ಬಾಗಿಲು ಜೋಡಿಸಿ. ಆಮೇಲೆ ಜೀಪಿನಲ್ಲಿ ಇಟ್ಟು ಕಲ್ಲತ್ತಿಗಿರಿಯವರೆಗೆ ಹೋಗಿ ಬನ್ನಿ. ಕಾಯುವ ನಾಲ್ಕು ತಿಂಗಳು ಇದಕ್ಕೆ ಸಾಕಷ್ಟಾಯಿತು. ಮಂಪರು ಬರಿಸುವ ಔಷಧ ಕೊಡಿ ಎಂದು ಡಾಕ್ಟರನ್ನು ಒತ್ತಾಯಿಸುವುದು ಮಾತ್ರ ಬೇಡ. ಎತ್ತರದಲ್ಲಿ ಅದು ರಕ್ತದೊತ್ತಡವನ್ನೂ ಉಸಿರಾಟವನ್ನೂ ಕೆಡಿಸಬಹುದೆಂದು ವಿಮಾನ ಸಂಸ್ಥೆಗಳೇ ಬೇಡವೆನ್ನುತ್ತವೆ. ಮಂಪರಿನಲ್ಲಿರುವ ನಾಯಿಯನ್ನು ಹತ್ತಿಸಿಕೊಳ್ಳದಿರಲೂಬಹುದು.

ಇನ್ನು ಉಣುಗು. ಮಲೆನಾಡಿನ ನಾಯಿಯ ಕಿವಿಯ ಒಳಮಡಿಕೆ, ಬೆರಳ ಸಂದು, ಕೊರಳಪಟ್ಟಿಯ ಅಡಿ ಬಿಡಿಸಿ ನೋಡಿದರೆ ಅದು ಸಿಗದ ತಿಂಗಳಿಲ್ಲ. ಅದರಿಂದ ಬರುವ ಉಣುಗು ಜ್ವರ ರಕ್ತದಲ್ಲಿ ಸದ್ದಿಲ್ಲದೆ ಕೂತು, ಪ್ರಯಾಣದ ಆಯಾಸದಲ್ಲಿ ತಲೆಯೆತ್ತಬಹುದು. ಕಾಗದ ಕೇಳಲಿ ಬಿಡಲಿ, ಹೊರಡುವ ಮುನ್ನ ಒಮ್ಮೆ ರಕ್ತಪರೀಕ್ಷೆ ಮಾಡಿಸಿ ಗುಣಪಡಿಸಿಯೇ ಕಳಿಸುವುದು ನ್ಯಾಯ. ಹವೆಯ ವಿಷಯವೂ ಇದೆ. 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯ ತಂಪಿನಲ್ಲಿ ಬೆಳೆದ ನಾಯಿಯನ್ನು ಮೇ ತಿಂಗಳಲ್ಲಿ ಕೊಲ್ಲಿಯ ವಿಮಾನ ನಿಲ್ದಾಣದ ಮೂಲಕ ಕಳಿಸುವ ಬದಲು ನವೆಂಬರಿನವರೆಗೆ ತಡೆದರೆ ಏನು ನಷ್ಟ?

ಪ್ರಾಣಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ವಿವೇಕ ಈ ಸೀಮೆಗೆ ಹೊಸದಲ್ಲ. ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನ ಕೇಂದ್ರದ ಹಿಂದೆ ಚಿಕ್ಕದೇವರಾಜ ಒಡೆಯರ ದನಗಳ ಇಲಾಖೆಯಾಗಿದ್ದ ಬೆಣ್ಣೆ ಚಾವಡಿಯ ಕಾಲದಿಂದ ಬಂದ ಪದ್ಧತಿಯೊಂದಿದೆ. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ಹುಲ್ಲುಗಾವಲುಗಳನ್ನು ವಿಂಗಡಿಸಿ, ಹುಲ್ಲು, ನೀರು, ನೆರಳು ಎಲ್ಲಿ ಯಾವಾಗ ಸಿಗುತ್ತದೆಂದು ನೋಡಿಕೊಂಡು ಹಿಂಡನ್ನು ಹೊಡೆಯುತ್ತಿದ್ದರು. ದನದ ಅನುಕೂಲದ ಕಾಲಕ್ಕೆ ಮನುಷ್ಯರು ಹೊಂದಿಕೊಳ್ಳುತ್ತಿದ್ದರು. ನಾಯಿಯ ವಿಷಯದಲ್ಲೂ ನಾವು ಅನುಸರಿಸಬೇಕಾದದ್ದು ಇದನ್ನೇ: ಒಡೆಯ ಮೊದಲು ಹೋಗಲಿ, ಮನೆ ನೋಡಲಿ, ನಾಯಿ ಇಟ್ಟುಕೊಳ್ಳಲು ಮನೆ ಮಾಲೀಕರ ಒಪ್ಪಿಗೆ ಪಡೆಯಲಿ. ಒಂದು ಎಚ್ಚರ ಇಲ್ಲಿ ಬೇಕು. ನಾಯಿಯ ಮತ್ತು ಒಡೆಯರ ಪ್ರಯಾಣದ ನಡುವೆ ಐದು ದಿನಕ್ಕಿಂತ ಹೆಚ್ಚು ಅಂತರವಾದರೆ ಯುರೋಪಿನಲ್ಲಿ ಅದು ವ್ಯಾಪಾರದ ಸಾಗಣೆಯ ನಿಯಮಕ್ಕೆ ಒಳಪಡುತ್ತದೆ. ಹಾಗಾಗಿ ಮನೆ ಸಿದ್ಧವಾದ ಮೇಲೆ ಒಡೆಯ ಊರಿಗೆ ಬಂದು ಜೊತೆಯಲ್ಲೇ ಕರೆದೊಯ್ಯಬೇಕು. ಖರ್ಚು ಹೆಚ್ಚು, ನಿಜ. ಏಜೆಂಟರ ಅವಸರದ ದರಕ್ಕಿಂತ ಈ ಖರ್ಚಿಗೆ ಅರ್ಥವಿದೆ.

ಎಲ್ಲ ನಾಯಿಯನ್ನೂ ಒಯ್ಯಲೇಬೇಕೆಂದಿಲ್ಲ. ಎರಡು ವರ್ಷದ ಓದಿಗೆ ಹೋಗುವವರು, ಮನೆಯಲ್ಲಿ ಅಪ್ಪ ಅಮ್ಮ ಇದ್ದು ತೋಟ ನಡೆಯುತ್ತಿದ್ದರೆ, ನಾಯಿಯನ್ನು ಇಲ್ಲೇ ಬಿಡುವುದು ಒಳ್ಳೆಯದು. ಹನ್ನೆರಡು ವರ್ಷದ ನಾಯಿಗೆ, ಹೃದಯದ ತೊಂದರೆ ಇರುವ ನಾಯಿಗೆ, ಉಸಿರಿಗೆ ಕಷ್ಟಪಡುವ ಪಗ್‌ಗೆ ಈ ಪ್ರಯಾಣ ಪ್ರೀತಿಯ ಹೆಸರಿನ ಹಿಂಸೆ. ಆದರೆ ತೋಟ ಮಾರಿ ಮನೆಯೇ ಮುಚ್ಚುವುದಾದರೆ, ‘ಯಾರಾದರೂ ನೋಡ್ಕೋತಾರೆ’ ಎಂದು ಲೈನ್ ಮನೆಯ ಬಳಿ ಬಿಟ್ಟು ಹೋಗುವುದು ಅದಕ್ಕಿಂತ ದೊಡ್ಡ ಅನ್ಯಾಯ. ಚಿರತೆ ಓಡಾಡುವ ಈ ಕಾಡಂಚಿನಲ್ಲಿ ಒಡೆಯರಿಲ್ಲದ ನಾಯಿ ಬಹಳ ದಿನ ಬಾಳುವುದಿಲ್ಲ.

ಪಶುಪಾಲನಾ ಇಲಾಖೆಗೆ ನನ್ನದೊಂದು ಕೋರಿಕೆ. ತರೀಕೆರೆ, ಕಡೂರು, ಅಜ್ಜಂಪುರದ ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಚಿಪ್ಪು ಹಾಕುವ ಸೌಲಭ್ಯ, ಒಂದು ರೀಡರ್, ಸೀರಮ್ ಬೇರ್ಪಡಿಸಿ ತಣ್ಣಗೆ ಕಳಿಸುವ ವ್ಯವಸ್ಥೆ ಇರಲಿ. ಶಿಬಿರದ ಕಾರ್ಡಿನಲ್ಲಿ ಚಿಪ್ಪಿನ ಸಂಖ್ಯೆಗೂ ಬ್ಯಾಚ್ ನಂಬರಿಗೂ ಒಂದೊಂದು ಸಾಲು ಇರಲಿ. ಕಚ್ಚಿದ ನಾಯಿಗೆ ಲಸಿಕೆ ಆಗಿತ್ತೋ ಇಲ್ಲವೋ ಎಂದು ಊರಲ್ಲಿ ತಿಳಿಯುವುದಕ್ಕೂ ಇದೇ ದಾಖಲೆ ಬೇಕು. ಮನೆಯಲ್ಲಿ ವಿದೇಶದ ಮಾತು ಎದ್ದಿರುವವರಿಗೆ ಹೇಳುವುದಿಷ್ಟೆ: ಈ ವಾರವೇ ನಾಯಿಗೆ ಚಿಪ್ಪು ಹಾಕಿಸಿ, ಅದರ ಮೇಲೆ ರೇಬೀಸ್ ಲಸಿಕೆ ಹಾಕಿಸಿ, 30 ದಿನ ಕಳೆದ ಮೇಲೆ ಟೈಟರ್ ಮಾಡಿಸಿ. ಮುಂದಿನ ಲಸಿಕೆಗಳನ್ನು ಒಂದು ದಿನವೂ ತಡಮಾಡದೆ ಹಾಕಿಸುತ್ತಿದ್ದರೆ ಯುರೋಪಿಗೆ ಆ ಒಂದು ವರದಿ ನಾಯಿಯ ಜೀವಮಾನವಿಡೀ ನಡೆಯುತ್ತದೆ.